ಕಪಿಲೆಯ ಕೂಜ ಮತ್ತು ಹಾರಾಡುವ ಮನುಷ್ಯ

ಕೆಟ್ಟದ್ದರ ಮೇಲೆ ಒಳ್ಳೆಯದು ಗೆಲ್ಲುವುದನ್ನು ಕಣ್ಣಾರೆ ಕಾಣಬೇಕೆಂದು ಮನುಷ್ಯ ಅನಾದಿ ಕಾಲದಿಂದಲೂ ಹಂಬಲಿಸುತ್ತ ಬಂದಿದ್ದಾನೆ. ನಂಜನಗೂಡಿನ ನಮ್ಮ ಬೀದಿಯಲ್ಲಿ ಆ ಹಂಬಲಕ್ಕೆ ಭಾನುವಾರ ಹನ್ನೊಂದು ಗಂಟೆಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಮೀಸೆಯಲ್ಲಿ ಬಿಳಿ ಇಣುಕತೊಡಗಿತ್ತು. ನ್ಯೂಟನ್ನನ ನಿಯಮಗಳನ್ನು ವಾರವಿಡೀ ಬೋರ್ಡಿನ ಮೇಲೆ ಬರೆದು, ಭಾನುವಾರ ಮಧ್ಯಾಹ್ನ ಅವನ್ನೆಲ್ಲ ಗಾಳಿಗೆ ತೂರಿ ಆಕಾಶದಲ್ಲಿ ಹಾರಾಡುವವನೊಬ್ಬನನ್ನು ಟೀವಿಯಲ್ಲಿ ನೋಡಿ ಚಪ್ಪಾಳೆ ತಟ್ಟುವುದಕ್ಕೆ ನನಗೆ ಯಾವ ನೈತಿಕ ಹಕ್ಕೂ ಇರಲಿಲ್ಲ. ಆದ್ದರಿಂದ ಅಮ್ಮನ ಜೊತೆಗೆಂದು ನೋಡುತ್ತಿದ್ದೆ. ಅಮ್ಮ ನನ್ನ ಜೊತೆಗೆಂದು ನೋಡುತ್ತಿದ್ದಳು.

ಧಾರಾವಾಹಿ ಹಿಂದಿಯದು. ನಮ್ಮಿಬ್ಬರಿಗೂ ಹಿಂದಿ ಬಾರದು. ಅದರಿಂದ ಕಥೆಗೆ ಯಾವ ತೊಂದರೆಯೂ ಆಗಲಿಲ್ಲ. ನಾಯಕ ಹಸಿರು ಅಂಗಿ, ಬೆನ್ನಿಗೆ ಹಳದಿ ಪತಾಕೆಯಂಥದ್ದು ಕಟ್ಟಿಕೊಂಡವನು. ಕೊರಳಲ್ಲಿ ಒಂದು ಹೊಳೆಯುವ ಕಲ್ಲು; ಅವನ ಬಲವೆಲ್ಲ ಅದರಲ್ಲಿ. ಎದುರಾಳಿ ಗುಹೆಯಲ್ಲಿ ವಾಸಿಸುವ ಮಂತ್ರವಾದಿ, ಗಾಜಿನ ಶೀಷೆಗಳಲ್ಲಿ ಬಣ್ಣದ ನೀರು ಕುದಿಸುತ್ತ ಸುಮ್ಮಸುಮ್ಮನೆ ನಗುವವನು. ನನಗೆ ಆ ಶೀಷೆಗಳ ಮೇಲೆ ಆಸೆ. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಅಂಥವು ಒಂದೂ ಇರಲಿಲ್ಲ.

ಅಮ್ಮನ ತಕರಾರು ಬೇರೆ ಜಾತಿಯದು. ಅವಳು ಕಳಲೆಯಲ್ಲಿ ಹುಟ್ಟಿದವಳು. ಬುದ್ಧಿ ಬಂದಾಗಿನಿಂದ ಕೊರಳಲ್ಲಿ ಲಿಂಗ ಧರಿಸಿದವಳು, ಪೂಜೆಯಾಗದೆ ಹನಿ ಕಾಫಿ ಮುಟ್ಟದವಳು. ಒಂದು ವಾರ ನಾಯಕ ಆ ಕಲ್ಲನ್ನು ಬಿಚ್ಚಿ ಬಂಡೆಯ ಮೇಲಿಟ್ಟು ಹೊಳೆಗಿಳಿದ. ಅಮ್ಮ ಎದ್ದು ನಿಂತಳು.

"ಕೊಳ್ಳಾಗಿರದ್ನ ಬಿಚ್ಚಿಟ್ಟು ನೀರ್ಗಿಳೀತಾನಲ್ಲ, ಇವ್ನಿಗೆ ದೀಕ್ಷೆ ಕೊಟ್ಟವ್ರು ಯಾರ್ಲಾ?"

"ಕಥೆ ಮುಂದಕ್ಕೋಗ್ಬೇಕಲ್ಲಮ್ಮ."

"ಕಥೆ ಮುಂದಕ್ಕೋಗ್ಲಿ ಅಂತ ಆಚಾರ ಬಿಡದಾ?"

ಮಂತ್ರವಾದಿಯ ಕಡೆಯವನು ಕಲ್ಲು ಕದ್ದು ಓಡಿದ. ಅಮ್ಮ ತೃಪ್ತಿಯಿಂದ ಕುಳಿತಳು. ಮುಂದಿನ ವಾರ ಬೇಸಿಗೆಯ ವಿದ್ಯುತ್ ಕಡಿತ ಶುರುವಾಯಿತು. ಭಾನುವಾರ ಹನ್ನೊಂದರಿಂದ ಒಂದರವರೆಗೆ ನಮ್ಮ ಬೀದಿಯ ಸರದಿ.

ಸೋಮವಾರ ತರಗತಿಯಲ್ಲಿ ವಿಚಾರಿಸಿದೆ. ಬೇರೆ ಬೀದಿಗಳ ಹುಡುಗರು ನೋಡಿದ್ದರು. ಒಬ್ಬ ಕಲ್ಲು ಗುಹೆಯಲ್ಲಿದೆ ಎಂದ, ಇನ್ನೊಬ್ಬ ಹಾವು ನುಂಗಿತು ಎಂದ, ಹಿಂದಿನ ಬೆಂಚಿನವನೊಬ್ಬ ನಾಯಕ ಸತ್ತೇ ಹೋದ ಎಂದು ಕಣ್ಣೀರು ತಂದುಕೊಂಡ. ಸಾಕ್ಷಿಗಳು ಪರಸ್ಪರ ವಿರುದ್ಧವಾಗಿದ್ದುದರಿಂದ ಅಮ್ಮ ಯಾವುದನ್ನೂ ಒಪ್ಪಲಿಲ್ಲ. ಆ ವಾರವೆಲ್ಲ ಅವಳು ಒಲೆಯ ಮುಂದೆ ಏನೋ ಯೋಚಿಸುತ್ತಿದ್ದಳು. ಏನೆಂದು ನನಗೆ ಗೊತ್ತಿತ್ತು. ತಿರುಮಕೂಡಲು ನರಸೀಪುರದಲ್ಲಿ ಕರೆಂಟು ಹೋಗುತ್ತಿದ್ದುದು ಸಂಜೆ. ಅಲ್ಲಿ ಚಿಕ್ಕಮ್ಮನ ಮನೆಯಿತ್ತು. ಆ ಮನೆಯಲ್ಲಿ ತೊಟ್ಟು ನೀರು ಕುಡಿಯುವುದಿಲ್ಲ ಎಂದು ಅಮ್ಮ ಆಣೆಯಿಟ್ಟಿದ್ದಳು.

ಆಣೆಗೆ ಕಾರಣ ಒಂದು ವೀಡಿಯೊ ಕ್ಯಾಸೆಟ್ಟು. ಚಿಕ್ಕಮ್ಮನ ಮಗಳ ಮದುವೆಯದು. ಹಿಂದಿನ ವರ್ಷ ಎಲ್ಲರೂ ಕೂಡಿ ಕುಳಿತು ನೋಡಿದಾಗ ಅದರಲ್ಲಿ ವಾಲಗದವರು ಬಂದರು, ಬಾಳೆಲೆ ಎಸೆಯುವವನು ಬಂದ, ಛತ್ರದ ನಾಯಿ ಕೂಡ ನಿಧಾನವಾಗಿ ಹಾದುಹೋಯಿತು. ವಧುವಿನ ದೊಡ್ಡಮ್ಮ ಬರಲಿಲ್ಲ. ಒಂದು ಕಡೆ ಬಾಗಿಲ ಸಂದಿಯಲ್ಲಿ ಕಂಡ ಮೊಣಕೈ ಅಮ್ಮನದೇ ಎಂದು ಚಿಕ್ಕಪ್ಪ ವಾದಿಸಿದರು. ಬಳೆ ತನ್ನದಲ್ಲ ಎಂದು ಅಮ್ಮ ತಳ್ಳಿಹಾಕಿದಳು. "ನಾಯಿಗಿಂತ ಕಡೆಯಾದ್ನಾ ನಾನು?" ಎಂದು ಎದ್ದವಳು ಅಲ್ಲೇ ಆಣೆಯಿಟ್ಟು ಬಸ್ಸು ಹತ್ತಿದಳು. ಅಕ್ಕತಂಗಿಯರ ಮಾತು ಅಂದಿಗೆ ನಿಂತಿತು. ಆಮೇಲೆ ಕೆಲವು ಸಲ ಅಮ್ಮ ತಂಗಿಗೆ ಇಷ್ಟವಾದ ಹುರುಳಿಕಾಳಿನ ಸಾರು ಮಾಡಿ, ಬಡಿಸುವಾಗ ಒಂದು ತಟ್ಟೆ ಹೆಚ್ಚಿಗೆ ಇಟ್ಟು ಮತ್ತೆ ಎತ್ತಿಡುವುದನ್ನು ನೋಡಿದ್ದೆ. ಆದರೂ ಆಣೆ ಆಣೆಯೇ.

ಶನಿವಾರ ಸಂಜೆ ಅಮ್ಮ ತೀರ್ಪು ಕೊಟ್ಟಳು.

"ನಾನ್ ಆಣೆ ಇಟ್ಟಿರದು ನೀರ್ಗೆ. ಟೀವಿಗಲ್ಲ."

ಮರುದಿನ ಅವಳು ಅಟ್ಟದಿಂದ ತಿರುಪಿನ ಮುಚ್ಚಳದ ಹಿತ್ತಾಳೆ ಕೂಜ ಇಳಿಸಿ, ಹುಣಸೆಹಣ್ಣಿನಲ್ಲಿ ತಿಕ್ಕಿ, ಮನೆಯ ಕಪಿಲೆ ನೀರು ತುಂಬಿದಳು. ಒಂದು ಚೀಲದಲ್ಲಿ ಕಡಲೆಪುರಿ ಕಟ್ಟಿಕೊಂಡಳು. ಹೀಗೆ ಆಹಾರ ಮತ್ತು ಜಲದ ವಿಷಯದಲ್ಲಿ ಪೂರ್ಣ ಸ್ವಾತಂತ್ರ್ಯ ಪಡೆದು ನಾವು ನರಸೀಪುರದ ಬಸ್ಸು ಹತ್ತಿದೆವು.

ಚಿಕ್ಕಪ್ಪ ಬಾಗಿಲಲ್ಲೇ ಕೂಜವನ್ನು ನೋಡಿದರು. ಅವರು ರಸಗೊಬ್ಬರದ ಅಂಗಡಿಯವರು, ತಮಾಷೆಯ ಮನುಷ್ಯ.

"ಇದೇನ್ ಅಕ್ಕಾರೆ, ನೀರ್ ಒತ್ಕೊ ಬಂದಿದ್ದೀರಿ! ಅಲ್ಲಿ ಕಪಿಲೇನೆ ತಾನೆ ಅರ್ದು ಇಲ್ಗೆ ಬರದು? ಬಿಟ್ಟಿದ್ರೆ ಅದೇ ಬರ್ತಿತ್ತು."

"ಇಲ್ಗೆ ಬರೊ ಒತ್ಗೆ ಅದ್ಕೆ ಕಾವೇರಿ ಸೇರ್ಕತದೆ ಕಣಪ್ಪ," ಎಂದಳು ಅಮ್ಮ. "ನಂಗೆ ಬೆರ್ಕೆ ಬ್ಯಾಡ."

ಒಳಗೆ ಚಿಕ್ಕಮ್ಮ ನನ್ನನ್ನು ನೋಡಿ, "ಬಂದವ್ರಿಗೆ ಕುರ್ಚಿ ಆಕಪ್ಪ," ಎಂದಳು. ಅಮ್ಮ ನನ್ನನ್ನು ನೋಡಿ, "ನೆಲಾನೇ ಸಾಕು ಅನ್ನಪ್ಪ," ಎಂದಳು. ನಾನು ಎರಡೂ ಕಡೆಯ ಮಾತನ್ನು ಮುಟ್ಟಿಸುವ ಶ್ರಮ ತೆಗೆದುಕೊಳ್ಳಲಿಲ್ಲ. ಇಬ್ಬರೂ ಒಂದು ಮೊಳ ಅಂತರದಲ್ಲಿದ್ದರು. ಟೀವಿಯಲ್ಲಿ ಕಲ್ಲು ಗುಹೆಯಲ್ಲೇ ಇತ್ತು. ಮೊದಲ ಹುಡುಗ ಹೇಳಿದ್ದೇ ನಿಜ.

ಹೀಗೆ ಹಲವು ಭಾನುವಾರ ನಡೆಯಿತು. ಅಕ್ಕತಂಗಿಯರು ಮಾತಾಡಲಿಲ್ಲ, ಆದರೆ ಟೀವಿಗೆ ಮಾತಾಡಲು ಅಡ್ಡಿಯಿರಲಿಲ್ಲ. ನಾಯಕನಿಗೆ ಅವನ ಗೆಳೆಯನೇ ಕೈಕೊಟ್ಟ ದಿನ ಅಮ್ಮ ಪರದೆಗೆ ಹೇಳಿದಳು: "ಒಡುಟ್ಟಿದವ್ರೇ ಮರ್ತುಬುಡ್ತಾರೆ, ಇನ್ ಇವ್ನ್ಯಾವ್ ಲೆಕ್ಕ ಬುಡಪ್ಪ."

ಚಿಕ್ಕಮ್ಮ ತಕ್ಷಣ ಅದೇ ಪರದೆಗೆ ಹೇಳಿದಳು: "ಕೆಲವ್ರು ಕರುದ್ರೂ ಬರಕಿಲ್ಲ ಕಣಪ್ಪ. ಆಮೇಲ್ ಕರೀಲಿಲ್ಲ ಅಂತಾರೆ."

ಹಸಿರು ಅಂಗಿಯವನು ಎರಡನ್ನೂ ಕೇಳಿಸಿಕೊಂಡು ಇನ್ನೊಂದು ಪೆಟ್ಟು ತಿಂದ. ಅವನ ಮೇಲೆ ನನಗೆ ನಿಜವಾದ ಗೌರವ ಹುಟ್ಟಿದ್ದು ಆ ಕೋಣೆಯಲ್ಲಿ. ಬಲವಿಲ್ಲದೆ, ಹಾರಲಾಗದೆ, ಎಲ್ಲರ ಬೈಗುಳ ಹೊತ್ತು, ಆ ಬಿಸಿಲಲ್ಲಿ ಬೆಟ್ಟ ಹತ್ತುತ್ತಿದ್ದ. ವಿಜ್ಞಾನದ ದೃಷ್ಟಿಯಿಂದಲೂ ಇದು ಮೆಚ್ಚುವಂಥದ್ದು. ಹತ್ತುವುದರಲ್ಲಿ ನಿಯಮಭಂಗವೇನೂ ಇಲ್ಲ.

ಮುಂದಿನ ಭಾನುವಾರ ಬಿಸಿಲು ವಿಪರೀತವಾಗಿತ್ತು. ಬಸ್ಸಿನಲ್ಲಿ ಯಾರದೋ ಮಗು ಅತ್ತಿತೆಂದು ಅಮ್ಮ ಕೂಜದ ನೀರನ್ನು ಅದಕ್ಕೆ ಕುಡಿಸಿದಳು. ಉಳಿದದ್ದನ್ನು ನಾನು ಮುಗಿಸಿದೆ. ಧಾರಾವಾಹಿಯಲ್ಲಿ ನಾಯಕ ಬೆಟ್ಟದ ತುದಿಯ ಗುಹೆಯ ಬಾಯಿ ಮುಟ್ಟಿದ್ದ. ಕಲ್ಲು ಎದುರಿಗೇ ಇತ್ತು. ಕೈ ಚಾಚಿದ, ಮಂತ್ರವಾದಿ ತಳ್ಳಿದ, ಪ್ರಪಾತದ ಅಂಚನ್ನು ಬೆರಳಲ್ಲಿ ಹಿಡಿದು ನೇತಾಡತೊಡಗಿದ. ಮಂತ್ರವಾದಿ ಆ ಬೆರಳುಗಳ ಮೇಲೆ ಬೂಟಿನ ಕಾಲಿಟ್ಟು ಅಭ್ಯಾಸದಂತೆ ನಕ್ಕ.

"ಅಯ್ಯೋ, ಮುಂಡೇದೆ!" ಎಂದಳು ಅಮ್ಮ. ಬಾಯಲ್ಲಿ ಕಡಲೆಪುರಿ ಇತ್ತು. ಅದು ಅಡ್ಡದಾರಿ ಹಿಡಿಯಿತು.

ಕೆಮ್ಮು ಹತ್ತಿತು. ಕಣ್ಣಲ್ಲಿ ನೀರು, ಮುಖ ಕೆಂಪು; ಆದರೂ ದೃಷ್ಟಿ ಆ ಬೆರಳುಗಳ ಮೇಲೆ. ನಾನು ಕೂಜ ಬಗ್ಗಿಸಿದೆ. ಹನಿಯಿಲ್ಲ. ಚಿಕ್ಕಮ್ಮ ಯಾವಾಗ ಎದ್ದಳೋ ಕಾಣೆ, ಒಂದು ಕೈ ಅಕ್ಕನ ಬೆನ್ನಿಗೆ ಹೋಯಿತು, ಇನ್ನೊಂದು ಕೈಯಲ್ಲಿದ್ದ ಲೋಟ ಅಕ್ಕನ ಬಾಯಿಗೆ. ಅಮ್ಮ ಟೀವಿಯಿಂದ ಕಣ್ಣು ಕೀಳದೆ ಗಟಗಟ ಕುಡಿದು, ಲೋಟ ಖಾಲಿ ಮಾಡಿ, ಇನ್ನೂ ಬೇಕೆಂದು ಅದನ್ನು ಹಿಂದಕ್ಕೆ ಚಾಚಿದಳು.

ಆಗ ಸೋಪಿನ ಜಾಹೀರಾತು ಬಂತು.

ಅಮ್ಮ ಲೋಟವನ್ನು ನೋಡಿದಳು. ನಾವು ಮೂವರೂ ಅವಳನ್ನು ನೋಡಿದೆವು. ಚಿಕ್ಕಪ್ಪ ವಕೀಲರಂತೆ ಗಂಟಲು ಸರಿಮಾಡಿಕೊಂಡರು.

"ಅಕ್ಕಾರೆ, ಏನೂ ಆಗಿಲ್ಲ. ಲೋಟ ನೋಡಿ, ನಮ್ ಮದ್ವೇಲಿ ನೀವೇ ಉಡುಗೊರೆ ಕೊಟ್ಟದ್ದು, ನಿಮ್ ಎಸ್ರೇ ಕೊರ್ಸೀರಿ. ನೀರ್ನಾಗೆ ಅರ್ಧ ಕಪಿಲೆ. ನಿಮ್ ಲೋಟ್ದಲ್ಲಿ ನಿಮ್ ನೀರ್ ಕುಡ್ದಿದ್ದೀರಿ. ಆಣೆ ಕೆಟ್ಟಿಲ್ಲ."

ನನಗೆ ವಾದ ಬಲವಾಗಿಯೇ ಕಂಡಿತು. ಅಮ್ಮ ಸೆರಗಿನಿಂದ ಬಾಯೊರೆಸಿಕೊಂಡಳು.

"ಸುಮ್ಕಿರಿ ನೀವು. ಕೆಟ್ಟದ್ ಕೆಡ್ತು." ಆಮೇಲೆ, ಒಂದು ವರ್ಷದ ಮೇಲೆ ಮೊದಲ ಬಾರಿಗೆ, ಟೀವಿಯನ್ನು ಬಿಟ್ಟು ತಂಗಿಯ ಕಡೆ ತಿರುಗಿದಳು. "ಅಲ್ಲಾ ಕಣೇ, ಆ ಕ್ಯಾಮ್ರಾದವ್ನ್ ಬಂದಾಗ ನನ್ನೂ ಒಂದ್ಸಲ ಕರೀಬಾರ್ದಿತ್ತಾ?"

"ಕರೀಲಿಲ್ವಾ? ಮೂರ್ಸಲ ಬಂದೆ ಅಡ್ಗೆಮನೆಗೆ! ಪಾಯ್ಸ ತಳ ಹತ್ಕತದೆ, ಓಗೇ ಅತ್ಲಾಗೆ ಅಂತ ಸೌಟ್ ತೋರ್ಸ್ದೆ ನೀನು. ಆ ಕ್ಯಾಮ್ರಾದವ್ನ್ ನಿನ್ ಸೌಟ್ ನೋಡಿ ಎದ್ರಿ ಓಡೋದ."

ಅಮ್ಮ ಲೋಟವನ್ನು ನೆಲದ ಮೇಲಿಟ್ಟಳು.

"ಪಾಯ್ಸ ತಳ ಹತ್ತಿತ್ತು," ಎಂದಳು.

"ಹತ್ತಿತ್ತು."

"ಹಂಗಾದ್ರೆ ಆ ಮೊಣಕೈ..."

"ನಿಂದೇ ಕಣಕ್ಕ. ಬಳೆ ನಂದು. ಅವತ್ ಬೆಳಗ್ಗೆ ನಾನೇ ತೊಡ್ಸಿದ್ದೆ, ಮರ್ತ್ಬುಟ್ಯಾ?"

ಚಿಕ್ಕಮ್ಮ ಅಳತೊಡಗಿದಳು. ಅಮ್ಮ, "ಅಳ್ಬ್ಯಾಡ ಸುಮ್ಕಿರು, ಕಾಫಿಗೆ ಹಾಲದ್ಯಾ?" ಎಂದು ಕೇಳಿದಳು. ಇಬ್ಬರೂ ಒಳಗೆ ಹೋದರು. ಅಲ್ಲಿಂದ ಪಾತ್ರೆಯ ಸದ್ದೂ, ವಾಲಗದವರನ್ನೂ ನಾಯಿಯನ್ನೂ ಕುರಿತ ನಗುವೂ ಕೇಳಿಬಂದವು. ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಕನ್ನಡಕದಲ್ಲಿ ಧೂಳೇನೂ ಇರಲಿಲ್ಲ.

ನಾನು ಟೀವಿಯ ಕಡೆ ತಿರುಗುವಷ್ಟರಲ್ಲಿ ನಾಯಕ ಕೊರಳಲ್ಲಿ ಕಲ್ಲು ಹಾಕಿಕೊಂಡು ಆಕಾಶದಲ್ಲಿದ್ದ. ಕೆಳಗೆ ಮಂತ್ರವಾದಿಯ ಗುಹೆ ಉರಿಯುತ್ತಿತ್ತು, ಶೀಷೆಗಳ ಸಮೇತ. ಪ್ರಪಾತದಿಂದ ಅವನು ಹೇಗೆ ಮೇಲೆ ಬಂದ ಎಂಬುದನ್ನು ನಮ್ಮ ನಾಲ್ವರಲ್ಲಿ ಯಾರೂ ನೋಡಲಿಲ್ಲ. ಮರುದಿನ ತರಗತಿಯಲ್ಲಿ ಕೇಳಿದೆ. ಬಂದ ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ.

ಆ ಭಾನುವಾರ ಸಂಜೆಯ ಬಸ್ಸಿಗೆ ನಾವು ನಂಜನಗೂಡಿಗೆ ಹಿಂತಿರುಗಿದೆವು. ಕೂಜ ನರಸೀಪುರದಲ್ಲೇ ಉಳಿಯಿತು.