ಎಡಚಿಯ ಅರ

ಅವಳಿಗೆ ಎಡಚಿ ಎಂದು ಹೆಸರಿಟ್ಟದ್ದು ಅಪ್ಪ. ಸ್ಪ್ಯಾನರ್ ಹಿಡಿಯಲು ಕೊಟ್ಟ ಮೊದಲ ದಿನವೇ ಮಗಳು ಎಡಗೈ ಚಾಚಿದಳು. ಬಲಗೈಗೆ ಕೊಟ್ಟರೆ ಬೆನ್ನ ಹಿಂದೆ ಕೈ ಬದಲಿಸಿಕೊಂಡು ಮತ್ತೆ ಎಡಗೈಯಲ್ಲೇ ತಂದಳು. "ನಟ್ಟಿಗೇನು ಗೊತ್ತು, ಯಾವ ಕೈ ತಿರುಗಿಸ್ತಾ ಇದೆ ಅಂತ," ಎಂದು ಅಪ್ಪ ನಕ್ಕು ಸುಮ್ಮನಾದ. ಆಗ ಅಂಟಿಕೊಂಡ ಹೆಸರು ಐವತ್ತು ದಾಟಿದ ಮೇಲೂ ಬಿಟ್ಟಿಲ್ಲ. ಅಣ್ಣ ಇಂದಿಗೂ ಹಾಗೆಯೇ ಕೂಗುತ್ತಾನೆ. ಗಿರಾಕಿಗಳು ಎದುರಿಗೆ ಅಕ್ಕ ಎನ್ನುತ್ತಿದ್ದರು. ಅವಳು ಆಚೆ ಸರಿದ ಮೇಲೆ, "ಎಂಜಿನ್ ಮಾತ್ರ ಎಡಚಿ ಕೈಗೇ ಕೊಡಪ್ಪ," ಎಂದು ಅಣ್ಣನ ಕಿವಿ ಕಚ್ಚುತ್ತಿದ್ದರು.

ಗ್ಯಾರೇಜು ಮುಖ್ಯರಸ್ತೆಯಿಂದ ಒಳಗೆ ತಿರುಗುವ ಗಲ್ಲಿಯಲ್ಲಿತ್ತು. ತಗಡಿನ ಮಾಡು. ಎರಡು ಕಾರುಗಳಿಗೆ ಜಾಗ. ಮೂರನೆಯದು ಬಂದರೆ ಅದರ ಮೂತಿ ಗಲ್ಲಿಗೆ ಚಾಚಿಕೊಂಡು ಹಾಲಿನವನ ಸೈಕಲ್ಲಿಗೆ ಅಡ್ಡವಾಗುತ್ತಿತ್ತು. ಬ್ರೇಕು, ಕ್ಲಚ್ಚು, ಗಿರಾಕಿಗಳ ಜೊತೆ ಮಾತು ಅಣ್ಣನ ಪಾಲು. ಎಂಜಿನ್ನಿನ ಒಳಗು ತಂಗಿಯ ಪಾಲು. ಹೀಗೆಂದು ಯಾರೂ ಕೂತು ಹಂಚಿರಲಿಲ್ಲ. ಅಪ್ಪ ಹೋದ ಮೇಲೆ, ಊಟಕ್ಕೆ ಕೂರುವ ಜಾಗ ತಾನಾಗಿ ಗೊತ್ತಾಗುವಂತೆ, ಇದೂ ಗೊತ್ತಾಯಿತು.

ಅಪ್ಪನದೆಂದು ಉಳಿದದ್ದು ಒಂದು ಅರ. ಉಕ್ಕು ಉಜ್ಜುವ, ಗೇಣುದ್ದದ, ಚಪ್ಪಟೆ ಅರ. ಕಿಟಕಿಯ ಪಕ್ಕದ ಮೊಳೆಗೆ ಅದನ್ನು ನೇತುಹಾಕಿದ್ದರು. ಅದರ ಒಂದು ಮುಖ ಅಣ್ಣನದು, ಇನ್ನೊಂದು ತಂಗಿಯದು. ಚಿಕ್ಕಂದಿನಲ್ಲಿ ಇಬ್ಬರೂ ಅದಕ್ಕಾಗಿ ಕಿತ್ತಾಡಿದಾಗ ಅಪ್ಪನೇ ಹಾಗೆ ತೀರ್ಪು ಕೊಟ್ಟಿದ್ದ.

ಆ ಅರದ ಮುಖ್ಯ ಕೆಲಸ ಪಿಸ್ಟನ್ ರಿಂಗುಗಳದ್ದು. ಸಿಲಿಂಡರಿನೊಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನಿನ ಸುತ್ತ ರಿಂಗುಗಳು ಕೂತಿರುತ್ತವೆ, ಒಂದು ಕಡೆ ಸೀಳಿದ ಉಕ್ಕಿನ ಬಳೆಗಳ ಹಾಗೆ. ಅವು ಸವೆದರೆ ಎಂಜಿನ್ನಿನ ಎಣ್ಣೆ ಮೇಲೇರಿ ಉರಿದು ನೀಲಿ ಹೊಗೆಯಾಗಿ ಹೊರಗೆ ಬರುತ್ತದೆ. ಹೊಸ ರಿಂಗು ಹಾಕುವ ಮೊದಲು ಆ ಸೀಳಿನ ಅಂತರ ಸರಿಮಾಡಬೇಕು. ಕಡಿಮೆಯಿದ್ದರೆ ಒಂದೇ ಒಂದು ತುದಿಯನ್ನು ಅರದಿಂದ ಉಜ್ಜಬೇಕು. ಎರಡೂ ತುದಿ ಉಜ್ಜಿದರೆ ಲೆಕ್ಕ ತಪ್ಪುತ್ತದೆ ಎಂಬುದು ಅಪ್ಪನ ಪಾಠ. ರಿಂಗಿನ ಮೇಲ್ಮೈಯ ಗುರುತು ತನ್ನ ಕಡೆಗಿರುವಂತೆ ಹಿಡಿದು ಅಣ್ಣ ಬಲತುದಿ ಉಜ್ಜುತ್ತಿದ್ದ. ಅವಳು ಎಡತುದಿ. ಅದು ನಿಯಮವೇನಲ್ಲ, ಅವಳ ಕೈ ಹೋಗುತ್ತಿದ್ದದ್ದೇ ಹಾಗೆ.

ಮೌನಿಯ ಕಾರು ಬಂದದ್ದು ಇಂಥ ಕೆಲಸಕ್ಕೆ. ಮೌನಿ ಬಾಡಿಗೆ ಕಾರು ಓಡಿಸುವವನು. ಅವನು ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಸ್ಟ್ಯಾಂಡಿನವರು ಆ ಹೆಸರು ಕೊಟ್ಟಿದ್ದರು. ಅವನದು ಟರ್ಬೊ ಇರುವ ಗಾಡಿ. ಹೊಗೆಯ ರಭಸದಲ್ಲೇ ತಿರುಗುವ ಪುಟ್ಟ ಫ್ಯಾನೊಂದು ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುತ್ತದೆ. ಹಾಗಾಗಿ ಬಲವೂ ಹೆಚ್ಚು, ಬಿಸಿಯೂ ಹೆಚ್ಚು. ಎಡಚಿ ಹೊಸ ರಿಂಗುಗಳನ್ನು ಒಂದೊಂದಾಗಿ ಸಿಲಿಂಡರಿನೊಳಗೆ ಇಳಿಸಿ, ಸೀಳಿನಲ್ಲಿ ಅಳತೆಯ ಪಟ್ಟಿ ಆಡಿಸಿ ನೋಡಿ, ಹೊರತೆಗೆದು ಉಜ್ಜಿ, ಮತ್ತೆ ಇಳಿಸುತ್ತಿದ್ದಳು. ಅಣ್ಣ ಬಗ್ಗಿ ನೋಡಿದ.

"ಅಪ್ಪ ಸೀಳಿಗೆ ಇಷ್ಟೊಂದು ಜಾಗ ಬಿಡ್ತಿರಲಿಲ್ಲ."

"ಅಪ್ಪನ ಕಾಲದ ಗಾಡಿಗಳಿಗೆ ಟರ್ಬೊ ಎಲ್ಲಿತ್ತು?"

"ಹೀಗೆ ಬಾಯಿ ಬಿಟ್ಕೊಂಡು ಕೂತ್ರೆ ಒತ್ತಡ ಎಲ್ಲಾ ಸೋರಿಹೋಗುತ್ತೆ ಕಣೇ."

"ಬಿಸಿಯಾದ್ಮೇಲೆ ಹಿಗ್ಗಿ ತಾನೇ ಮುಚ್ಕೊಳ್ಳುತ್ತೆ. ಹಿಗ್ಗೋಕೆ ಜಾಗ ಇಲ್ದಿದ್ರೆ ಎರಡು ತುದೀನೂ ಗುದ್ದಾಡ್ತವೆ ಅಷ್ಟೆ."

"ನಮ್ಮಿಬ್ಬರ ಥರ," ಎಂದ ಅಣ್ಣ. ಅವಳು ನಕ್ಕಳು. ಅವನೂ ನಕ್ಕ. ಮಾತು ಅಲ್ಲಿಗೆ ಮುಗಿಯಿತೆಂದು ಅವಳು ಅಂದುಕೊಂಡಳು.

ನಾಲ್ಕೂ ಪಿಸ್ಟನ್‌ಗಳನ್ನು ಅವಳೇ ಕೂರಿಸಿದಳು. ಮಾರನೆಯ ದಿನ ಗಂಡನ ಕಣ್ಣಿನ ಆಪರೇಷನ್ ಇದ್ದುದರಿಂದ ಮೂರು ದಿನ ಗ್ಯಾರೇಜಿಗೆ ಬರಲಿಲ್ಲ. ಬಂದಾಗ ಕಾರು ಹೋಗಿಯಾಗಿತ್ತು.

"ನಿನ್ನ ಗಂಡನ ಕಣ್ಣು ಬಿಡೋವರೆಗೂ ಕಾದಿದ್ರೆ ಮೌನಿ ನನ್ನ ಕಿವಿ ಉಳಿಸ್ತಿದ್ನಾ? ಮಿಕ್ಕಿದ್ದೆಲ್ಲ ನಾನೇ ಕೂರಿಸಿ ಕಳಿಸ್ದೆ," ಎಂದ ಅಣ್ಣ.

ಕೆಲವೇ ದಿನ. ಮೌನಿಯ ಕಾರು ಗಲ್ಲಿ ತುಂಬ ನೀಲಿ ಹೊಗೆ ಎಳೆದುಕೊಂಡು ವಾಪಸು ಬಂತು. ಎದುರು ಮನೆಯಾಕೆ ಒಣಹಾಕಿದ್ದ ಬಟ್ಟೆಗಳನ್ನು ಗೊಣಗುತ್ತ ಒಳಗೆ ಎಳೆದುಕೊಂಡಳು. ಬಿಚ್ಚಿ ನೋಡೋಣ ಎಂದಳು ಎಡಚಿ. ಅಣ್ಣ ಒಪ್ಪಲಿಲ್ಲ. ಗಟ್ಟಿ ಎಣ್ಣೆ ಹಾಕಿ, ಸ್ವಲ್ಪ ದಿನ ಓಡಲಿ ಎಂದು ಕಳಿಸಿದ. ಆಮೇಲೆ ಅವಳಿಗೆ ಚಹಾ ತಂದುಕೊಟ್ಟ. ಆಸ್ಪತ್ರೆಯ ಬೆಂಚಿನ ಮೇಲೆ ನಿದ್ದೆಗೆಟ್ಟ ಸುಸ್ತು ಅವಳ ಮೈಯಲ್ಲಿ ಇನ್ನೂ ಇತ್ತು. ಗ್ಲಾಸು ತುಳುಕಿತು. ಅಣ್ಣ ಅವಳ ಕೈ ಹಿಡಿದು ಬೆಳಕಿಗೆ ತಿರುಗಿಸಿದ.

"ಎಡಚೀ, ನೋಡ್ಕೋ. ನಡುಗ್ತಾ ಇದೆ."

ಅವಳು ನೋಡಿದಳು. ನಡುಗುತ್ತಿತ್ತು.

"ವಯಸ್ಸು ಯಾರನ್ನೂ ಬಿಡಲ್ಲ ಬಿಡು. ನಾಜೂಕಿನ ಕೆಲಸ ಇನ್ನು ಸಾಕು. ಯಾರು ಏನಂದ್ರೂ ನಾನಿದೀನಿ."

ಗದರಿದ್ದರೆ ಅವಳು ತಿರುಗಿ ಬೀಳುತ್ತಿದ್ದಳು. ಅವನು ಮೆತ್ತಗೆ, ಜ್ವರ ಬಂದಾಗ ಹಣೆ ಮುಟ್ಟಿ ನೋಡುತ್ತಿದ್ದ ದನಿಯಲ್ಲಿ ಹೇಳಿದ. ಅದಕ್ಕೇ ನಂಬಿದಳು.

ಅಂದಿನಿಂದ ಅವಳು ಮೂಲೆಗುಂಪಾದಳು. ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ನಟ್ಟು ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದಳು, ಫೋನು ಬಂದರೆ ಎತ್ತಿದಳು. ಎಂಜಿನ್ ಕೆಲಸ ಬಂದರೆ ಅಣ್ಣ ತಾನೇ ಮಾಡುತ್ತಿದ್ದ, ಇಲ್ಲವೇ ಬೇರೆ ಗ್ಯಾರೇಜಿಗೆ ಕಳಿಸುತ್ತಿದ್ದ. ಗಿರಾಕಿಗಳು ಈಗ ಅವಳ ಮುಖ ನೋಡಿ ಮಾತಾಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಅವಳು ಕೈಗಳನ್ನು ಸೆರಗಿನಡಿ ಇಟ್ಟುಕೊಳ್ಳುವುದನ್ನು ಕಲಿತಳು.

ಗಂಡ ಟೈಲರ್. ಕಣ್ಣು ವಾಸಿಯಾದ ಮೇಲೆ ಒಂದು ದಿನ ಸೂಜಿ ದಾರ ಹಿಡಿದುಕೊಂಡು ಬಂದು, "ಪೋಣಿಸಿ ಕೊಡು, ನನ್ನ ಕಣ್ಣಿನ್ನೂ ಹದಕ್ಕೆ ಬಂದಿಲ್ಲ," ಎಂದ. ಒಂದೇ ಸಲಕ್ಕೆ ಪೋಣಿಸಿದಳು.

"ಇದಾ ನಡುಗೋ ಕೈ?"

"ನೀವು ಸೂಜೀನ ದಾರದ ಕಡೆಗೆ ತಂದ್ರಿ. ನಾನು ನೋಡ್ಲಿಲ್ಲ ಅಂದ್ಕೊಂಡ್ರಾ?"

"ಸೂಜಿ ನಿನ್ನ ಕೈಯಲ್ಲೇ ಇತ್ತಲ್ಲೇ," ಎಂದ ಗಂಡ.

ಆದರೂ ಅವಳಿಗೆ ನಂಬಿಕೆ ಬರಲಿಲ್ಲ. ಗಂಡ ಪ್ರೀತಿಗೆ ಸುಳ್ಳು ಹೇಳಿಯಾನು, ಅಣ್ಣ ಹೇಳುವವನಲ್ಲ ಎಂಬುದು ಅವಳ ಎಣಿಕೆ.

ಅಣ್ಣ ಅತ್ತಿಗೆಯ ತವರಿಗೆ ಹೋಗಿದ್ದ ದಿನ ಮೌನಿ ಕಾರನ್ನು ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದ. ಎಂಜಿನ್ನಿಗೆ ಜೀವವೇ ಇರಲಿಲ್ಲ.

"ನಾಳೆ ಸಂಜೆ ಅಣ್ಣ ಬರ್ತಾನೆ," ಎಂದಳು. ಹೇಳಿ, ಕಾರನ್ನೇ ನೋಡುತ್ತ ನಿಂತಳು. ತನ್ನ ಕೈ ಕೊನೆಯದಾಗಿ ಕಟ್ಟಿದ ಎಂಜಿನ್ ಅದು. ಎಲ್ಲಿ ತಪ್ಪಿದೆ ಎಂದು ಒಮ್ಮೆ ಕಣ್ಣಾರೆ ನೋಡಿಬಿಟ್ಟರೆ ಆ ಸ್ಟೂಲಿನ ಮೇಲೆ ನೆಮ್ಮದಿಯಾಗಿಯಾದರೂ ಕೂರಬಹುದು ಅನ್ನಿಸಿತು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಹೆಡ್ ಎತ್ತೋಕೆ ಒಂದು ಕೈ ಕೊಡ್ತೀಯಾ?"

"ಅಕ್ಕಾ, ನಿಮ್ಮ ಕೈ..."

"ನಡುಗುತ್ತೆ. ಗೊತ್ತು. ಆ ಕಡೆ ಹಿಡ್ಕೋ."

ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಆ ಭಾರದ ಹೆಡ್ ಎತ್ತಿಕೊಟ್ಟು, ಹೋಗುವಾಗಲೂ ಮಾತಾಡುತ್ತಲೇ ಮೌನಿ ಹೋದ. ಅವಳು ಕೆಳಗೆ ಮಲಗಿ ಎಣ್ಣೆಯ ತೊಟ್ಟಿ ಬಿಚ್ಚಿ, ಪಿಸ್ಟನ್‌ಗಳನ್ನು ಒಂದೊಂದಾಗಿ ಮೇಲಕ್ಕೆ ತಳ್ಳಿ ತೆಗೆದಳು. ಮೊದಲನೆಯದು ಸರಿ. ಎರಡನೆಯದು ಸರಿ. ನಾಲ್ಕನೆಯದು, ಅವಳು ಕೂರಿಸಿದ ದಿನ ಹೇಗಿತ್ತೋ ಹಾಗೇ ಇತ್ತು. ಮೂರನೆಯ ಸಿಲಿಂಡರಿನ ಗೋಡೆಯಲ್ಲಿ ಮಾತ್ರ ಉಗುರಿಗೆ ಸಿಗುವಷ್ಟು ಆಳದ ಗೀರುಗಳು.

ಮೂರನೆಯ ಪಿಸ್ಟನ್ನಿನ ಮೇಲಿನ ರಿಂಗು ಬಿಡಿಸಿ ಒರೆಸಿ, ಗುರುತನ್ನು ತನ್ನ ಕಡೆಗೆ ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ತುದಿಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಜಾಗ ಸಾಲದೆ ಗುದ್ದಾಡಿದ ತುದಿಗಳು. ಎಡತುದಿಯ ಅಂಚು ಕಾರ್ಖಾನೆಯಿಂದ ಬಂದಂತೆಯೇ ಚೂಪಾಗಿತ್ತು; ಅರ ತಾಗಿರಲಿಲ್ಲ. ಬಲತುದಿಯ ಅಂಚು ಉಜ್ಜಿ ನುಣುಪಾಗಿತ್ತು.

ಮಿಕ್ಕ ಮೂರು ಪಿಸ್ಟನ್‌ಗಳ ರಿಂಗುಗಳನ್ನೂ ಬಿಡಿಸಿ ಬೆಂಚಿನ ಮೇಲೆ ಸಾಲಾಗಿ ಇಟ್ಟಳು. ಎಲ್ಲದರಲ್ಲೂ ಉಜ್ಜಿದ್ದು ಎಡತುದಿ. ಇದೊಂದು ಬಲತುದಿ.

ಮೊದಲು ಮೈ ಹಗುರಾಯಿತು. ನನ್ನ ಕೈಯಲ್ಲ, ನನ್ನ ಕೈಯಲ್ಲ ಎಂದು ಬಾಯಿಬಿಟ್ಟೇ ಅಂದುಕೊಂಡಳು. ಆಮೇಲೆ ಆ ಚಹಾದ ಗ್ಲಾಸು ನೆನಪಾಯಿತು. ಅವಳ ಕೈಯನ್ನು ಬೆಳಕಿಗೆ ತಿರುಗಿಸಿದಾಗ ಅಣ್ಣನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಮಣಿಕಟ್ಟನ್ನು ಎಷ್ಟು ಮೆತ್ತಗೆ ಹಿಡಿದಿದ್ದ. ಅವಳು ಸ್ಟೂಲಿಗೆ ಹೋಗಿ ಕೂರಲಿಲ್ಲ. ನೆಲದ ಮೇಲೆ, ಎಣ್ಣೆ ಕಲೆಗಳ ನಡುವೆ ಕೂತಳು.

ಮಾರನೆಯ ದಿನ ಸಂಜೆ ಅಣ್ಣ ಊರಿಂದ ನೇರವಾಗಿ ಗ್ಯಾರೇಜಿಗೇ ಬಂದ. ಬಿಚ್ಚಿದ ಎಂಜಿನ್ ನೋಡಿದ, ಬೆಂಚಿನ ಮೇಲಿನ ಸಾಲು ನೋಡಿದ, ಕೈಯಲ್ಲಿದ್ದ ಚೀಲ ಕೆಳಗಿಟ್ಟ.

"ಯಾರ ಕೈಯಿದು?" ಎಂದಳು.

ಅವನು ರಿಂಗು ಮುಟ್ಟಲಿಲ್ಲ. "ಹೇಳ್ಬೇಕು ಅಂತಾನೇ ಇದ್ದೆ."

"ಈಗ ಹೇಳು."

"ನೀನು ಬಿಟ್ಟಿದ್ದ ಜಾಗ ಜಾಸ್ತಿ ಆಯ್ತೇನೋ ಅಂತ ಅನುಮಾನ. ಒಂದನ್ನ ತೆಗೆದು ನೋಡೋಣ ಅಂದ್ಕೊಂಡೆ. ವಾಪಸ್ ಇಳಿಸೋವಾಗ ರಿಂಗು ಮುರೀತು. ಶೆಲ್ಫಿನಲ್ಲಿ ಅದೇ ಸೈಜಿಂದು ಒಂದಿತ್ತು. ಅಪ್ಪನ ಅಳತೆಗೆ ಉಜ್ಜಿ ಹಾಕ್ದೆ. ನಂದೇ ಸರಿ ಅಂತಿದ್ದೆ ಕಣೇ."

"ಹೊಗೆ ಬಂದ ದಿನ ಗೊತ್ತಾಯ್ತಲ್ಲ."

ಅವನು ಕೆಳಗಿಟ್ಟ ಚೀಲವನ್ನು ಕಾಲಿನಿಂದ ಬೆಂಚಿನಡಿಗೆ ಸರಿಸಿದ.

"ರಿಂಗು ಮುರಿದಿದ್ದಕ್ಕೆ ನಾನೇನೂ ಅನ್ನಲ್ಲ. ನಾನೂ ಮುರಿದಿದೀನಿ. ಅನುಮಾನ ಪಟ್ಟೆಯಲ್ಲ, ಅದನ್ನೂ ಹೊಟ್ಟೆಗೆ ಹಾಕ್ಕೋತೀನಿ. ನನ್ನ ಕೈ ಹಿಡ್ಕೊಂಡು ನನಗೇ ತೋರಿಸಿದೆಯಲ್ಲ, ಅದು ಯಾಕೆ?"

"ಗಿರಾಕಿಗಳ ಮುಂದೆ ನನ್ನ ಮಾತೇ ಅಲ್ವೇನೇ ಇರೋದು? ನಿನಗೆ ಕೈ ಇತ್ತು. ನನಗೆ ಮಾತು ಒಂದೇ." ಅವನ ದನಿ ಸಣ್ಣದಾಯಿತು. "ನಾಳೆ ಮೌನಿಗೆ ನಾನೇ ಹೇಳ್ತೀನಿ. ನೀನು ಬಾಯಿ ಬಿಡ್ಬೇಡ. ನಾನೇ ಹೇಳ್ತೀನಿ."

ಆಗಲಿ ಎಂದಳು. ರಾತ್ರಿ ಗಂಡನಿಗೂ ಹೇಳಲಿಲ್ಲ. ಅಣ್ಣ ಹೇಳಲಿ, ಅವನ ಬಾಯಿಂದಲೇ ಬರಲಿ ಎಂದು ಕಾದಳು. ಅಷ್ಟು ಮಾಡಿದರೆ ಮಿಕ್ಕಿದ್ದನ್ನು ಮರೆತೇನು ಎಂಬ ಆಸೆ ಇನ್ನೂ ಇತ್ತು.

ಬೆಳಿಗ್ಗೆ ಮೌನಿ ಬಂದ. ಅಣ್ಣ ಅವನ ಹೆಗಲ ಮೇಲೆ ಕೈ ಹಾಕಿ ಬೆಂಚಿನ ಹತ್ತಿರ ಕರೆದುಕೊಂಡು ಬಂದ. ಗಂಟಲು ಸರಿಮಾಡಿಕೊಂಡ. ಒಮ್ಮೆ ತಂಗಿಯ ಕಡೆ ನೋಡಿದ.

"ಏನಿಲ್ಲ ಮಾರಾಯ. ಒಂದು ರಿಂಗೇ ಕೆಟ್ಟ ಮಾಲು ಬಂದುಬಿಟ್ಟಿದೆ. ಈ ಸಲ ನಾನೇ ಖುದ್ದು ನಿಂತು ಎಲ್ಲಾ ಮಾಡಿಸ್ತೀನಿ."

ಎಡಚಿ ಸ್ವಲ್ಪ ಹೊತ್ತು ಕಾದಳು. ಇನ್ನೊಂದು ವಾಕ್ಯ ಬರಬಹುದೇನೋ ಎಂದು. ಬರಲಿಲ್ಲ. ಅವಳು ರಿಂಗನ್ನು ಎತ್ತಿ ಮೌನಿಯ ಅಂಗೈಯಲ್ಲಿಟ್ಟಳು.

"ಮಾಲು ಒಳ್ಳೇದೇ. ಉಜ್ಜಿದ್ದು ಸಾಲದು. ಇದನ್ನ ಉಜ್ಜಿದ್ದು, ಹಾಕಿದ್ದು ಅಣ್ಣ. ಮಿಕ್ಕಿದ್ದೆಲ್ಲ ನಾನು ಹಾಕಿದ್ದು. ಅವೆಲ್ಲ ಸರಿಯಾಗೇ ಇವೆ, ನೋಡ್ಕೋ."

ಮೌನಿ ರಿಂಗು ನೋಡಿದ, ಅವಳನ್ನು ನೋಡಿದ, ಅಣ್ಣನನ್ನು ನೋಡಿದ. ಹೆಸರು ಬಂದ ಮೇಲೆ ಮೊದಲ ಸಲ ಅವನಿಗೆ ಮಾತು ಸಿಗಲಿಲ್ಲ. ಸಿಕ್ಕಾಗ, "ಅಕ್ಕಾ, ನಿಮ್ಮ ಕೈ ನಡುಗುತ್ತೆ ಅಂತ ನಾನು ಸ್ಟ್ಯಾಂಡಿನಲ್ಲೆಲ್ಲ ಹೇಳ್ಬಿಟ್ಟಿದೀನಲ್ಲಾ," ಎಂದ.

"ಹೇಳಿದ ಬಾಯಲ್ಲೇ ಇದನ್ನೂ ಹೇಳು. ನಿನಗೇನು ಕಷ್ಟ."

ಅಣ್ಣ ಗಲ್ಲಿಯ ಕಡೆ ಮುಖ ತಿರುಗಿಸಿಕೊಂಡು ನಿಂತಿದ್ದ. ಅವನ ಕಿವಿ ಕೆಂಪಾಗಿತ್ತು. ಚಿಕ್ಕವನಿದ್ದಾಗ ಅಪ್ಪನ ಕೈಗೆ ಸಿಕ್ಕಿಬಿದ್ದ ದಿನಗಳಲ್ಲಿ ಆಗುತ್ತಿದ್ದ ಹಾಗೆ. ಅವಳಿಗೆ ಅಯ್ಯೋ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಮೂರನೆಯ ಸಿಲಿಂಡರನ್ನು ಲೇತಿನವನ ಹತ್ತಿರ ಕೊರೆಸಿ, ಒಳಗೋಡೆಗೆ ಸ್ಲೀವ್ ಎನ್ನುವ ಹೊಸ ಕೊಳವೆ ಕೂರಿಸಿ ತಂದು, ಹೊಸ ರಿಂಗುಗಳನ್ನು ಅವಳೇ ಉಜ್ಜಿದಳು. ಮೊದಲ ರಿಂಗಿಗೆ ಅರ ತಾಗಿಸಿದಾಗ ಕೈ ನಡುಗಿತು. ನಿಜವಾಗಿಯೂ ನಡುಗಿತು. ಅದು ವಯಸ್ಸೋ, ಅಣ್ಣ ತಲೆಗೆ ಬಿಟ್ಟ ಹುಳವೋ, ಅವಳಿಗೆ ಗೊತ್ತಾಗಲಿಲ್ಲ. ಅರ ಕೆಳಗಿಟ್ಟು, ಕೈ ತೊಳೆದು, ಮತ್ತೆ ಹಿಡಿದಳು. ಹಿಂದೆಲ್ಲ ಒಂದು ಸಲ ಅಳೆಯುತ್ತಿದ್ದದ್ದನ್ನು ಈಗ ಮೂರು ಮೂರು ಸಲ ಅಳೆದಳು. ಪಿಸ್ಟನ್ ಇಳಿಸುವಾಗ ರಿಂಗುಗಳನ್ನು ಅದುಮಿ ಹಿಡಿಯುವ ಪಟ್ಟಿಗೆ ಅಣ್ಣ ಕೈ ಚಾಚಿದ, ಎಂದಿನಂತೆ.

"ಬೇಡ," ಎಂದಳು.

ಮೌನಿಯ ಕಾರು ಈಗ ಹೊಗೆಯಿಲ್ಲದೆ ಓಡುತ್ತದೆ. ಎಂಜಿನ್ ಕೆಲಸ ಮತ್ತೆ ಅವಳ ಕೈಗೇ ಬಂದಿದೆ. ಅಣ್ಣ ತಂಗಿ ಒಟ್ಟಿಗೇ ಬಾಗಿಲು ತೆಗೆಯುತ್ತಾರೆ, ಒಟ್ಟಿಗೇ ಹಾಕುತ್ತಾರೆ. ಅವನು ತರುವ ಚಹಾ ಅವಳು ಕುಡಿಯುತ್ತಾಳೆ. ಆದರೆ ಗ್ಲಾಸನ್ನು ಅವನ ಕೈಯಿಂದ ತೆಗೆದುಕೊಳ್ಳುವುದಿಲ್ಲ, ಬೆಂಚಿನ ಮೇಲೆ ಇಡಲಿ ಎಂದು ಕಾಯುತ್ತಾಳೆ. ಏನಾದರೂ ಕಟ್ಟಿದ ಮೇಲೆ ಮನೆಗೆ ಹೋಗುವ ಮುನ್ನ ಬೋಲ್ಟುಗಳ ತಲೆಗೆ ಬಣ್ಣದ ಚುಕ್ಕೆ ಇಡುತ್ತಾಳೆ. ಯಾರಾದರೂ ತಿರುಗಿಸಿದರೆ ಬೆಳಿಗ್ಗೆ ಗೊತ್ತಾಗಲಿ ಎಂದು.

ಒಂದು ಸಂಜೆ ಅಣ್ಣ ಕಿಟಕಿಯ ಪಕ್ಕದ ಮೊಳೆ ತಡಕಾಡಿದ.

"ಎಡಚೀ, ಅಪ್ಪನ ಅರ ಎಲ್ಲಿ?"

"ನನ್ನ ಚೀಲದಲ್ಲಿ. ಮನೆಗೆ ತಗೊಂಡು ಹೋಗ್ತೀನಿ, ಬರೋವಾಗ ತರ್ತೀನಿ."

"ಅದರಲ್ಲಿ ಒಂದು ಮುಖ ನಂದಲ್ವೇನೇ?"

"ಹೌದು," ಎಂದಳು. ಚೀಲದ ಬಾಯಿ ಕಟ್ಟಿ, ಎಡ ಹೆಗಲಿಗೆ ಹಾಕಿಕೊಂಡು, ಗಲ್ಲಿಗೆ ಇಳಿದಳು.