ನೊರೀನ್ ಒಪ್ಪಿದ ಯಜಮಾನ

ನೊರೀನ್ ಸ್ಟಕಿಗೆ ಫೋನು ಮಾಡುವವರು ಸಾಮಾನ್ಯವಾಗಿ ಮೊದಲ ಮಾತಿನಲ್ಲೇ ಸೋಲುತ್ತಿದ್ದರು. "ನಿಮ್ಮ ಹತ್ರ ವಿಂಟೇಜ್ ಮಷೀನು ಇದೆಯಂತಲ್ಲ?" ಎಂದರೆ ಮುಗಿಯಿತು.

"ವಿಂಟೇಜು ದ್ರಾಕ್ಷಿ ಹೆಂಡಕ್ಕೆ ಹೇಳೋ ಮಾತು. ನನ್ನ ಹತ್ರ ಇರೋದು ಹಳೇದು. ಹಳೇದು ಬೇಕಿದ್ರೆ ಮಾತಾಡು, ಇಲ್ಲಾಂದ್ರೆ ಇಡು."

ಅರ್ಧ ಜನ ಅಲ್ಲೇ ಇಡುತ್ತಿದ್ದರು. ಅದು ಅವಳಿಗೆ ಸಂತೋಷವೇ. ಒಹೈಯೊದ ಆ ಭಾಗದಲ್ಲಿ ಕುರ್ಚಿ ಕಾರ್ಖಾನೆ, ಕಿಟಕಿ ಕಾರ್ಖಾನೆ, ಶಾಲೆಯ ಬಡಗಿ ಕೊಠಡಿ ಯಾವುದು ಮುಚ್ಚಿದರೂ ಅಲ್ಲಿ ಉಳಿದ ಬೀಡುಕಬ್ಬಿಣದ ದೈತ್ಯ ಯಂತ್ರಗಳಿಗೆ ಹೊಸ ಯಜಮಾನರನ್ನು ಹುಡುಕಿಕೊಡುವುದು ಅವಳ ಕಸುಬು. ಯಂತ್ರ ಎತ್ತಲು ಒಂದು ಲಾರಿ, ಒಂದು ಸಣ್ಣ ಕ್ರೇನು, ಅದಕ್ಕಿಂತ ಭಾರ ಎತ್ತಬಲ್ಲ ಒಂದು ನಾಲಿಗೆ, ಇವು ಅವಳ ಬಂಡವಾಳ.

ಬರುವ ಗಿರಾಕಿಗಳಾದರೂ ಎಂಥವರು! ಕ್ಲೀವ್‌ಲ್ಯಾಂಡಿನಲ್ಲಿ ಬಿಯರ್ ಅಂಗಡಿ ತೆರೆಯುವವನೊಬ್ಬನಿಗೆ ಮರ ಕಡೆಯುವ ಲೇತು ಬೇಕಿತ್ತು, ಮೇಲೊಂದು ಗಾಜು ಕೂರಿಸಿ ಮೇಜು ಮಾಡಲಿಕ್ಕೆ. ಒಬ್ಬ ಹೆಂಗಸಿಗೆ ಪಟ್ಟಿಗರಗಸದ ದೊಡ್ಡ ಚಕ್ರವೊಂದೇ ಸಾಕಿತ್ತು, ಗೋಡೆ ಗಡಿಯಾರಕ್ಕೆ. "ಉಳಿದಿದ್ದನ್ನ ನಾನೇನು ಮಾಡ್ಲಿ ತಾಯಿ, ಉಪ್ಪಿನಕಾಯಿ ಹಾಕ್ಲಾ?" ಎಂದು ನೊರೀನ್ ಕೇಳಿದ್ದಳು. ಹಾಗೆ ಕೇಳಿದ್ದನ್ನು ಊರಿಡೀ ಹೇಳಿಕೊಂಡು ಬಂದಿದ್ದಳು.

ಅವಳ ಅಪ್ಪ ವಾಲ್ಟ್ ಕಾರ್ಖಾನೆಗಳಲ್ಲಿ ಯಂತ್ರ ಕೂರಿಸುವವನು. ಗಂಡುಮಗುವಿಲ್ಲವೆಂದು ಕೊರಗುತ್ತ ಕೂರದೆ ಮಗಳ ಕೈಗೇ ಸ್ಪ್ಯಾನರ್ ಕೊಟ್ಟ. ಎಡಗೈಯ ಒಂದು ಬೆರಳಿನ ಅರ್ಧವನ್ನು ಅವಳು ಆ ಕಲಿಕೆಗೇ ತೆತ್ತಳು. ಮುಂದೆ ಡ್ವೇನ್ ಎಂಬುವನನ್ನು ಮದುವೆಯಾದಳು. ಮರದ ಮನೆಗಳ ಗೋಡೆಗೆ ಪ್ಲಾಸ್ಟಿಕ್ ಹೊದಿಕೆ ಹೊಡೆದು ಬದುಕುತ್ತಿದ್ದವನು ಅವನು. ಅವಳು ಊರಲ್ಲಿಲ್ಲದಾಗ, ಖುಷಿಪಡಿಸಲೆಂದು, ಮಾವನ ಕಾಲದ ಓಕ್ ಮರದ ಕಣಜಕ್ಕೂ ಬಿಳಿ ಪ್ಲಾಸ್ಟಿಕ್ ಹೊಡೆಸಿಬಿಟ್ಟ. ನೊರೀನ್ ಬಂದವಳು ಮೊದಲು ಪ್ಲಾಸ್ಟಿಕ್ ಕಿತ್ತಳು, ಆಮೇಲೆ ಗಂಡನನ್ನು.

ಮ್ಯಾಸಿಲನ್ ಹತ್ತಿರದ ಶವಪೆಟ್ಟಿಗೆ ಕಾರ್ಖಾನೆ ಮುಚ್ಚಿದಾಗ ಅವಳಿಗೆ ಅರವತ್ತು ದಾಟಿತ್ತು. ಜನ ಸತ್ತ ಮೇಲೆ ಸುಡಿಸಿಕೊಳ್ಳುವುದು ಹೆಚ್ಚಾಗಿ ಮರದ ಪೆಟ್ಟಿಗೆಗೆ ಗಿರಾಕಿಗಳೇ ಇಲ್ಲವಾಗಿದ್ದರು. ಕಟ್ಟಡವನ್ನು ಫ್ಲ್ಯಾಟು ಮಾಡುವವರಿಗೆ ಮಾರಿದ ಮಾಲೀಕ, ಯಂತ್ರಗಳನ್ನು ತನ್ನ ಪರವಾಗಿ ಸಿಕ್ಕ ಬೆಲೆಗೆ ಮಾರಿ ಸಾಗಿಸಿಬಿಡೆಂದು ನೊರೀನಳಿಗೆ ಹೇಳಿದ. ಅಲ್ಲಿದ್ದವುಗಳಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಪಕ್ಕಪಕ್ಕ ನಿಂತಿದ್ದ ಎರಡು ಹಲಗೆ ಕೀಸುವ ಯಂತ್ರಗಳು. ಒಂದೇ ವರ್ಷ, ಒಂದೇ ಅಚ್ಚಿನಲ್ಲಿ ಎರಕವಾದ ಅವಳಿಗಳು. ಒರಟು ಹಲಗೆಯನ್ನು ಈ ಕಡೆಯಿಂದ ತೂರಿದರೆ ಆ ಕಡೆಯಿಂದ ನೀರಿನಷ್ಟು ನುಣುಪಾಗಿ ಹೊರಗೆ ಬರುತ್ತಿತ್ತು. ಬಣ್ಣ ಹೋಗಿದ್ದಲ್ಲಿ ಅವಳೇ ಹಸಿರು ಬಳಿದು, ಬೇರಿಂಗಿಗೆ ಎಣ್ಣೆ ಹಾಕಿ ಎರಡನ್ನೂ ಅಣಿಗೊಳಿಸಿದಳು.

ಮೊದಲು ಬಂದವನು ಗಾರ್ಡನ್ ಲೆವಿಟ್. ವೂಸ್ಟರಿನಲ್ಲಿ ಹಲ್ಲಿನ ಡಾಕ್ಟರಾಗಿ ನಿವೃತ್ತನಾದವನು. ಅವನ ಶೆಡ್ಡಿನ ತುಂಬ ಇಂಥ ಯಂತ್ರಗಳಿವೆ, ಎಲ್ಲದರ ಮೇಲೂ ಬಟ್ಟೆ ಹೊದಿಸಿದೆ, ಒಂದನ್ನೂ ಓಡಿಸುವುದಿಲ್ಲ ಎಂಬುದು ಊರಿಗೇ ಗೊತ್ತಿತ್ತು.

"ಓಡಿಸ್ತೀರಾ?" ಎಂದಳು ನೊರೀನ್.

"ಚೆನ್ನಾಗಿ ಆರೈಕೆ ಮಾಡ್ತೀನಿ."

"ಆರೈಕೆ ಮಾಡೋಕೆ ಇದೇನು ಬಾಣಂತಿಯಾ?"

ಯಂತ್ರಗಳ ಬೋಲ್ಟು ಬಿಚ್ಚುತ್ತಿದ್ದವರು ನಕ್ಕರು. ಡಾಕ್ಟರು ತಾಳ್ಮೆಯಿಂದ, "ಹೇಳಿದ ಬೆಲೆ ಕೊಡ್ತೀನಿ" ಎಂದ.

"ಡಾಕ್ಟ್ರೇ, ಹಲ್ಲು ಕೀಳೋ ಕುರ್ಚಿ ಮನೇಲಿರಬೇಕಲ್ಲ? ಅದರ ಮೇಲೊಂದು ಬಟ್ಟೆ ಹೊದಿಸ್ಕೊಂಡು ಅದನ್ನೇ ನೋಡ್ತಾ ಕೂತ್ಕೊಳಿ. ಇದು ದುಡಿಯೋ ಪ್ರಾಣಿ."

ಡಾಕ್ಟರ ಕಿವಿ ಕೆಂಪಾಯಿತು. ಕಾರು ಹತ್ತಿದ.

ಆಮೇಲೆ ಬಂದವನು ಬ್ರೈಸ್ ಡನ್ಮೋರ್. ಮೂವತ್ತರ ಹರೆಯ, ಎದೆವರೆಗೆ ಗಡ್ಡ, ಚರ್ಮದ ಏಪ್ರನ್, ಗಟ್ಟಿ ಅಂಗೈ. ಯಂತ್ರದ ಸುತ್ತ ಒಂದು ಸುತ್ತು ಬಂದು, ಬಗ್ಗಿ ನೋಡಿ, "ಇದರ ಅಲಗು ಕೊನೇ ಸಲ ಸಾಣೆ ಹಿಡಿಸಿದ್ದು ಯಾರು? ಒಂದು ಕಡೆ ಸ್ವಲ್ಪ ವಾಲಿದೆ" ಎಂದ. ಇಷ್ಟು ವರ್ಷಗಳಲ್ಲಿ ಒಬ್ಬನೂ ಕೇಳದಿದ್ದ ಪ್ರಶ್ನೆ! ಬೆಣ್ಣೆಯಲ್ಲೂ ಕಲ್ಲು ಹುಡುಕುವ ನೊರೀನ್ ತಾನೇ ಬೆಣ್ಣೆಯಾಗಿ ಕರಗಿಬಿಟ್ಟಳು.

ಅವಳ ಜೊತೆ ಅಂದು ಆಟ್ಲೀ ಹರ್ಷ್‌ಬರ್ಗರ್ ಇದ್ದ. ಅವನು ಹಳೇ ರೀತಿಯಲ್ಲೇ ಬದುಕುವ ಆಮಿಶ್ ಎಂಬ ಕ್ರೈಸ್ತ ಪಂಥದ ಬಡಗಿ, ಕುದುರೆಗಾಡಿಯವನು. ಕರೆಂಟು ಮುಟ್ಟದೆ, ಡೀಸೆಲ್ ಎಂಜಿನ್ನಿಗೆ ಬೆಲ್ಟು ಕಟ್ಟಿ ಯಂತ್ರ ತಿರುಗಿಸುವವನು. ಅವಳ ಹಳೆಯ ಗಿರಾಕಿ, ಹಳೆಯ ಗೆಳೆಯ.

"ಅವನ ಏಪ್ರನ್ ನೋಡಿದ್ಯಾ ನೊರೀನ್? ಒಂದು ಕಲೆ ಇಲ್ಲ" ಎಂದು ಆಟ್ಲೀ ಪಿಸುಗುಟ್ಟಿದ.

"ತೊಳ್ಕೊಂಡಿರ್ತಾನೆ."

"ಚರ್ಮಾನ ಯಾರು ತೊಳೀತಾರೆ?"

"ನಿನಗೆ ಗಡ್ಡದವರನ್ನ ಕಂಡ್ರೆ ಹೊಟ್ಟೆಕಿಚ್ಚು" ಎಂದಳು, ಆಟ್ಲೀಯದೂ ಗಡ್ಡವೇ ಎಂಬುದನ್ನು ಮರೆತು. ಒಂದು ಯಂತ್ರವನ್ನು ಬ್ರೈಸನಿಗೆ ಅರ್ಧ ಬೆಲೆಗೆ ಕೊಟ್ಟದ್ದಲ್ಲದೆ ತಾನೇ ಅವನ ಬಡಗಿ ಅಂಗಡಿಗೆ ಸಾಗಿಸಿ, ಮಟ್ಟ ಹಿಡಿದು ಕೂರಿಸಿಯೂ ಬಂದಳು.

ಅಷ್ಟರಲ್ಲಿ ಡಾಕ್ಟರು ಅವಳ ಬೆನ್ನ ಹಿಂದೆ ಮಾಲೀಕನ ಮನೆಗೇ ಹೋಗಿ ಇನ್ನೊಂದನ್ನು ಕೊಂಡುಬಿಟ್ಟಿದ್ದ. ಸಾಗಿಸಿಕೊಡಲು ನೊರೀನ್ ಒಪ್ಪಲಿಲ್ಲ. ಅವನು ಪಿಯಾನೊ ಸಾಗಿಸುವವರನ್ನು ಕರೆಸಿದ. "ಪಿಯಾನೊ ಹೊರೋರಂತೆ! ಅದರ ಮೇಲೊಂದು ಹೂದಾನೀನೂ ಇಟ್ಕೊಳ್ಳಿ ಅಂತ ಹೇಳ್ಬೇಕಿತ್ತು" ಎಂದು ಅವಳು ಹೋಟೆಲಿನಲ್ಲಿ ಕೂತು ಪೈ ತಿನ್ನುತ್ತ ಎಲ್ಲರನ್ನೂ ನಗಿಸಿದಳು.

ಮುಂದೆ ಯಾವ ಗಿರಾಕಿ ಫೋನು ಮಾಡಿದರೂ ಅವಳ ಬಾಯಲ್ಲಿ ಬ್ರೈಸನದೇ ಹೆಸರು. "ಯಜಮಾನ ಅಂದ್ರೆ ಅವನು. ನೀನು ಹಾಗಿದ್ರೆ ಬಾ." ಹೀಗೆ ಮೂರು ಚಳಿಗಾಲ ಕಳೆದವು.

ಆ ವಸಂತದಲ್ಲಿ ಕಬ್ಬಿಣದ ಪಟ್ಟಿ ಹುಡುಕುತ್ತ ಕ್ಯಾಂಟನ್ನಿನ ಗುಜರಿಗೆ ಹೋದವಳು ರಾಶಿಯ ಮುಂದೆ ನಿಂತುಬಿಟ್ಟಳು. ಬಟ್ಟೆ ಒಗೆಯುವ ಯಂತ್ರಗಳ, ಮಂಚದ ಸ್ಪ್ರಿಂಗುಗಳ ನಡುವೆ ಒಂದು ಹಸಿರು ಕಾಣುತ್ತಿತ್ತು. ತಾನೇ ಬಳಿದ ಹಸಿರು. ಒಡೆಯಲೆಂದು ಕ್ರೇನಿನಿಂದ ಎತ್ತಿ ಕೆಡವಿದ್ದರು. ಹಲಗೆ ಮಲಗುವ ಹಾಸು ನಟ್ಟನಡುವೆ ಬಿರಿದು ಎರಡಾಗಿತ್ತು. ಒಳಗಿನ ಬೀಡು ಹೊಸದಾಗಿ ಮುರಿದ ಬೆಲ್ಲದಂತೆ ಹೊಳೆಯುತ್ತಿತ್ತು. ನೊರೀನ್ ಅದರ ಮೇಲೆ ಕೈಯಿಟ್ಟಳು. ಬೈಯಲು ಬಾಯಿ ತೆರೆದಳು, ಯಾರನ್ನು ಬೈಯಬೇಕೆಂದು ತಿಳಿಯಲಿಲ್ಲ. ಅವಳ ಜೀವನದಲ್ಲಿ ಅದು ಅಪರೂಪದ ಸಂಗತಿ.

"ಆಕ್ರನ್ನಿಂದ ಬಂದ ಗಡ್ಡದವನೊಬ್ಬ ತೂಕಕ್ಕೆ ಹಾಕಿ ಹೋದ. ಏನು, ನಿಮ್ಮ ನೆಂಟನಾ?" ಎಂದ ಗುಜರಿಯವನು.

"ನನ್ನ ದಡ್ಡತನ" ಎಂದಳು. ಹಲಗೆಯನ್ನು ಎಳೆದುಕೊಳ್ಳುವ ಉರುಳೆಗಳನ್ನು ತಿರುಗಿಸುವ ಗೇರಿನ ಗೂಡೊಂದು ಮಾತ್ರ ಇಡಿಯಾಗಿ ಉಳಿದಿತ್ತು. ಚೌಕಾಸಿ ಮಾಡದೆ ಅದನ್ನು ಕೊಂಡು, ತಾನೇ ಬಿಚ್ಚಿ ಲಾರಿಗೆ ಹಾಕಿಕೊಂಡಳು.

ಅಲ್ಲಿಂದ ನೇರ ಬ್ರೈಸನ ಬಳಿಗೆ. ಈಗ ಅವನದು ಆಕ್ರನ್ನಿನಲ್ಲಿ ಒಂದು ಬಾಡಿಗೆ ಕೋಣೆ. ಕ್ಯಾಮೆರಾ ಮುಂದೆ ಕೂತು ಜನರಿಗೆ ಮರದ ಚಮಚ ಕೆತ್ತುವುದನ್ನು ಕಲಿಸುತ್ತಿದ್ದ. ಏಪ್ರನ್ ಅದೇ.

"ಫೋನ್ ಮಾಡೋಕೆ ನಿನ್ನ ಬೆರಳು ಬಿದ್ದೋಗಿತ್ತಾ?"

"ಮಾಡಿದ್ರೆ ಬೈತಿದ್ರಿ."

"ಬೈತಿದ್ದೆ. ಬೈದು, ತಗೊಂಡು ಹೋಗ್ತಿದ್ದೆ."

ಬ್ರೈಸ್ ಚಮಚ ಕೆಳಗಿಟ್ಟ. "ಬಾಡಿಗೆ ಏರ್ತು, ಅಂಗಡಿ ಖಾಲಿ ಮಾಡಬೇಕಾಯ್ತು. ಅದೊಂದು ಸಲಕರಣೆ ನೊರೀನ್, ಅಷ್ಟೇ. ನಾನೇನು ಮೋಸ ಮಾಡ್ಲಿಲ್ಲ. ನೀವು ಹುಡುಕ್ತಿದ್ದ ಮುಖ ನನಗಿತ್ತು, ನೀವಾಗೇ ಬಂದು ಬಿದ್ರಿ."

ನೊರೀನ್ ಬಾಗಿಲು ದಡಾರನೆ ಎಳೆದುಕೊಂಡು ಹೊರಬಂದಳು. ಲಾರಿ ಓಡಿಸುವಾಗ ದಾರಿಯುದ್ದಕ್ಕೂ ಅವಳಿಗೆ ಸಿಟ್ಟು ಬಂದದ್ದು ಯಂತ್ರ ಒಡೆದುದಕ್ಕಲ್ಲ, ಆ ಚಮಚದವನು ಸರಿಯಾಗಿಯೇ ಹೇಳಿದ್ದಕ್ಕೆ.

ಗೇರಿನ ಗೂಡನ್ನು ಆಟ್ಲೀಯ ಅಂಗಡಿಯ ಮೇಜಿನ ಮೇಲೆ ತಂದು ಕುಕ್ಕಿದಳು. ಆಟ್ಲೀ ಏಪ್ರನ್ನಿನ ಮಾತೆತ್ತಲಿಲ್ಲ. ಕಾಫಿ ಬಗ್ಗಿಸಿಕೊಟ್ಟು, "ನಾನು ಡಾಕ್ಟ್ರ ಮನೆಗೆ ಅಡಿಗೆಮನೆ ಕಪಾಟು ಮಾಡಿಕೊಟ್ಟೆನಲ್ಲ, ಆಗ ಶೆಡ್ಡೂ ನೋಡ್ದೆ. ಅವರ ಹತ್ರ ಇರೋ ಅವಳಿ ಯಂತ್ರಾನೂ ಕೆಟ್ಟಿದೆ. ಪಿಯಾನೊದವರು ಗೇರಿಗೇ ಸರಪಳಿ ಬಿಗಿದು ಎಳೆದಿದಾರೆ. ಹಲ್ಲು ಮುರಿದಿದೆ" ಎಂದ.

"ಹಲ್ಲಿನ ಡಾಕ್ಟ್ರಿಗೇ!" ನೊರೀನ್ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನಗುತ್ತ ನಗುತ್ತ ಅವಳ ದೃಷ್ಟಿ ಮೇಜಿನ ಮೇಲಿನ ಗೂಡಿನತ್ತ ಹೋಯಿತು, ನಗು ನಿಂತಿತು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆ ಇವಳನ್ನೂ ಡಾಕ್ಟರನ್ನೂ ನೋಡಿಯೇ ಹುಟ್ಟಿರಬೇಕು.

"ನಾನ್ಯಾಕೆ ಕೊಡ್ಲಿ? ಗುಡ್ಡೆ ಹಾಕ್ಕೊಂಡು ಮುದ್ದು ಮಾಡೋನಿಗೆ?"

"ಕೊಡಬೇಡ" ಎಂದ ಆಟ್ಲೀ. "ನಿನ್ನ ಶೆಡ್ಡಲ್ಲಿಟ್ಕೋ. ಮೇಲೊಂದು ಬಟ್ಟೆ ಹೊದಿಸು."

ಮರುದಿನ ಅವಳು ಡಾಕ್ಟರ ಮನೆ ಬಾಗಿಲಲ್ಲಿದ್ದಳು.

ಡಾಕ್ಟರು ಜಾಲರಿ ಬಾಗಿಲು ತೆರೆಯದೆ ಒಳಗಿನಿಂದಲೇ, "ಏನು, ಹಲ್ಲು ನೋವಾ? ನಾನು ಬಿಟ್ಟು ವರ್ಷಗಳಾಯ್ತಲ್ಲ" ಎಂದ.

"ನಿಮ್ಮ ಕೀಸೋ ಯಂತ್ರದ ಗೇರು ತಂದಿದೀನಿ."

"ಓ. ನಾನು ಸೂಪು ಕುಡೀತಾ ಇದೀನಿ. ಮುಗಿಸಿ ಬರ್ತೀನಿ."

ಹೊರಗೇ ನಿಲ್ಲಿಸಿದ. ಸೂಪು ಅಷ್ಟು ನಿಧಾನವಾಗಿ ಕುಡಿಯುವವರನ್ನು ನೊರೀನ್ ಕಂಡಿರಲಿಲ್ಲ. ಚಮಚ ಬಟ್ಟಲಿಗೆ ತಗಲುವ ಸದ್ದು ಒಂದೊಂದೂ ಕೇಳುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಲಾರಿ ತಿರುಗಿಸುತ್ತಿದ್ದಳು. ಇಂದು ನಿಂತಳು.

ಕೊನೆಗೆ ಶೆಡ್ಡಿನ ಬಾಗಿಲು ತೆರೆಯಿತು. ಬಟ್ಟೆ ಸರಿಸಿದಲ್ಲೆಲ್ಲ ನೊರೀನ್ ಬೆರಳಿನಿಂದ ಉಜ್ಜಿ ತುಕ್ಕು ಹುಡುಕಿದಳು. ಒಂದು ಚುಕ್ಕೆ ಸಿಕ್ಕಿದ್ದರೂ ಅವಳಿಗೆ ನೆಮ್ಮದಿಯಾಗುತ್ತಿತ್ತು, ಸಿಗಲಿಲ್ಲ. ಬೆರಳಿಗೆ ಹತ್ತಿದ್ದು ಎಣ್ಣೆ ಮಾತ್ರ.

"ಇಷ್ಟೆಲ್ಲ ನೋಡ್ಕೋತೀರಿ, ಒಂದನ್ನಾದ್ರೂ ಓಡಿಸ್ಬಾರ್ದಾ? ನಿಮಗೇನು ಬಂದಿದೆ?"

"ಹೆದರಿಕೆ" ಎಂದ ಡಾಕ್ಟರು, ಬಹಳ ಸಾದಾ ಮಾತೆಂಬಂತೆ. "ನಮ್ಮ ಅಜ್ಜ ಬಡಗಿ. ಆ ಸದ್ದು, ಆ ವಾಸನೆ ಅಂದ್ರೆ ನನಗೆ ಪ್ರಾಣ. ಆದ್ರೆ ನನ್ನ ಅನ್ನ ಇದ್ದದ್ದು ಈ ಬೆರಳಲ್ಲಿ. ಒಂದು ಹೋಗಿದ್ರೂ ಕಸುಬು ಹೋಗ್ತಿತ್ತು. ಅದಕ್ಕೇ ನೋಡ್ತಾ ಕೂತೆ."

"ಈಗ ಹಲ್ಲು ಕೀಳೋದು ಬಿಟ್ಟಿದೀರಲ್ಲ."

"ಹೆದರಿಕೆಗೆ ನಿವೃತ್ತಿ ಇಲ್ಲಮ್ಮ."

ನೊರೀನಳ ಬಾಯಲ್ಲಿ ಚುಚ್ಚುಮಾತೊಂದು ಸಿದ್ಧವಾಗಿತ್ತು. ಅದನ್ನು ನುಂಗಿ ಎಡಗೈಯ ಮೊಂಡು ಬೆರಳು ಎತ್ತಿ ತೋರಿಸಿದಳು. "ಇದು ಹೋದಾಗ ಯಂತ್ರ ಕಂಡ್ರೆ ವಾಂತಿ ಬರೋದು. ನಮ್ಮಪ್ಪ ಪಕ್ಕದಲ್ಲಿ ನಿಂತು ಮತ್ತೆ ಓಡಿಸ್ದ. ಗೇರು ಹಾಕಿಕೊಡ್ತೀನಿ, ದುಡ್ಡು ಬೇಡ. ಆದ್ರೆ ಓಡಿಸ್ಬೇಕು."

"ಶರತ್ತು ಹಾಕೋಕೆ ನೀವ್ಯಾರು?"

"ಯಾರೂ ಅಲ್ಲ. ಆದ್ರೆ ಗೇರು ನನ್ನ ಲಾರೀಲಿದೆ."

ಡಾಕ್ಟರು ಮೊದಲ ಸಲ ನಕ್ಕ. ಹಲ್ಲು ಬಹಳ ಚೆನ್ನಾಗಿತ್ತು, ಅದಕ್ಕೂ ಅವಳಿಗೆ ಕೋಪ ಬಂತು.

ಗೇರು ಕೂರಿಸಲು ಆಟ್ಲೀಯೂ ಬಂದ. ಕರೆಂಟಿನ ಗುಂಡಿಯನ್ನು ಮಾತ್ರ ಅವನು ಮುಟ್ಟಲಿಲ್ಲ, ನೊರೀನ್ ಒತ್ತಿದಳು. ಯಂತ್ರ ಗುಟುರು ಹಾಕಿ, ಆಮೇಲೆ ದನಿ ಏರಿಸಿ ಹಾಡತೊಡಗಿತು. ಡಾಕ್ಟರು ಒಂದು ಚೆರ್ರಿ ಹಲಗೆ ಹಿಡಿದು ಸರಿಯಾಗಿ ಅದರ ಹಿಂದೆಯೇ ನಿಂತ.

"ಪಕ್ಕಕ್ಕೆ! ಹಲಗೆ ತಿರುಗಿ ಬಂದ್ರೆ ಹೊಟ್ಟೇಲಿ ಹೊಕ್ಕು ಬೆನ್ನಲ್ಲಿ ಬರುತ್ತೆ!" ನೊರೀನ್ ಅವನ ಅಂಗಿ ಹಿಡಿದು ಎಳೆದಳು. ಉರುಳೆಗಳು ಹಲಗೆಯನ್ನು ಕಚ್ಚಿ ಒಳಕ್ಕೆ ಸೆಳೆದುಕೊಂಡವು. ಆ ಬದಿಯಿಂದ ಹಲಗೆ ಹೊರಬಂದಾಗ ಅದರ ತುದಿ ತಗ್ಗು ಬಿದ್ದಿತ್ತು.

"ಈ ತುದಿ ನೋಡಿ, ನಾಯಿ ಕಡಿದ ಹಾಗಿದೆ. ಎತ್ತಿ ಹಿಡೀಬೇಕು ಅಂತ ಹೇಳ್ದೆನೋ ಇಲ್ವೋ?"

ಡಾಕ್ಟರಿಗೆ ಕೇಳಿಸಲೇ ಇಲ್ಲ. ಹಲಗೆಯ ಬಿಸಿ ಮೈಯನ್ನು ಕೆನ್ನೆಗೆ ಒತ್ತಿಕೊಂಡು ನಿಂತಿದ್ದ. ಆಮೇಲೆ ಯಾರನ್ನೂ ಕೇಳದೆ ಇನ್ನೊಂದು ಹಲಗೆ ಎತ್ತಿಕೊಂಡ. ಈ ಸಲ ಪಕ್ಕದಲ್ಲಿ ನಿಂತ.

ಇದರಿಂದ ನೊರೀನಳ ನಾಲಿಗೆ ಮೆತ್ತಗಾಯಿತೆಂದು ಯಾರೂ ತಿಳಿಯಬಾರದು. ಡಾಕ್ಟರು ವಾರಕ್ಕೊಮ್ಮೆ ಫೋನು ಮಾಡಿ ಮಕ್ಕಳೂ ಕೇಳದ ಪ್ರಶ್ನೆ ಕೇಳುತ್ತಾನೆ, ಅವಳು ಹೀನಾಮಾನ ಬೈಯುತ್ತಾಳೆ, ಬೈದುಕೊಂಡೇ ಹೋಗಿ ಅಲಗು ಸರಿಮಾಡಿ ಬರುತ್ತಾಳೆ. ಬಿಯರ್ ಅಂಗಡಿಯವರಿಗೆ, ಗಡಿಯಾರದವರಿಗೆ ಮೊದಲಿನ ಮರ್ಯಾದೆಯೇ. ಬ್ರೈಸನ ಹೆಸರನ್ನು ಮಾತ್ರ ಎತ್ತುವುದಿಲ್ಲ.

ಇನ್ನೊಂದು ವ್ಯತ್ಯಾಸವಿದೆ. ಹೊಸ ಗಿರಾಕಿಯನ್ನು ನೋಡಲು ಹೋಗುವಾಗ ಈಗ ಆಟ್ಲೀಯನ್ನು ಮನೆಯಿಂದ ಕರೆದುಕೊಂಡು ಹೋಗುತ್ತಾಳೆ. ಯಾಕೆಂದು ಅವನ ಹೆಂಡತಿ ಕೇಳಿದರೆ, "ಲಾರಿಯ ಆ ಕಡೆ ಬಾಗಿಲು ನೆಟ್ಟಗೆ ಹಾಕಿಕೊಳ್ಳಲ್ಲ ಕಣಮ್ಮ, ಯಾರಾದ್ರೂ ಹಿಡ್ಕೊಂಡು ಕೂರಬೇಕು" ಎನ್ನುತ್ತಾಳೆ. ಬಾಗಿಲು ಚೆನ್ನಾಗಿಯೇ ಇದೆ. ಆಟ್ಲೀ ಹುಲ್ಲಿನ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿಲ ಹಿಡಿಯನ್ನು ಭದ್ರವಾಗಿ ಹಿಡಿದು ಕೂರುತ್ತಾನೆ.