ಹಿತ್ತಲಿನ ಸಣ್ಣ ಗೋರಿ

ಹಾಸ್ಬಲ್ಲಾ ಕಾಫಿ ಸೋಸುವುದನ್ನು ನೋಡುವುದಕ್ಕೆಂದೇ ಬಸ್ಸಿನ ಡ್ರೈವರುಗಳು ಅಚೆ ಪ್ರಾಂತ್ಯದ ಹೆದ್ದಾರಿಯಲ್ಲಿ ಗಾಡಿ ನಿಲ್ಲಿಸುತ್ತಿದ್ದರು. ಬಟ್ಟೆಯ ಉದ್ದನೆ ಚೀಲವನ್ನು ತಲೆಗಿಂತ ಮೇಲೆತ್ತಿ, ಕಪ್ಪು ಕಾಫಿಯನ್ನು ಒಂದೇ ಎಳೆಯಾಗಿ ಕೆಳಗಿನ ಪಾತ್ರೆಗೆ ಇಳಿಬಿಡುತ್ತಿದ್ದ. ಹನಿ ಹೊರಗೆ ಬಿದ್ದರೆ ಲೋಟ ಪುಕ್ಕಟೆ ಎಂದು ಗಿರಾಕಿಗಳಿಗೆ ಮಾತು ಕೊಟ್ಟಿದ್ದ. ಆ ಕಡೆಯ ಗಂಡಸರೆಲ್ಲರ ಹಾಗೆ ಅವನೂ ಮದುವೆಯಾದ ಮೇಲೆ ಹೆಂಡತಿಯ ಮನೆಗೆ ಬಂದು ಸೇರಿದವನು. ಹೆಂಡತಿ ಸಲ್ಬಿಯಾಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಮನೆಯೊಡತಿ ಕಾಯ್ತಿರ್ತಾಳಪ್ಪ, ನಾನು ಬಾಡಿಗೆಯವನು, ತಡವಾಗಿ ಹೋದ್ರೆ ಖಾಲಿ ಮಾಡು ಅಂತಾಳೆ," ಎಂದು ಅಂಗಡಿಯಲ್ಲಿ ನಗಿಸುತ್ತಿದ್ದ.

ಒಂದು ದಿನ ಎತ್ತಿದ ಕೈ ಅರ್ಧಕ್ಕೇ ಇಳಿಯಿತು. ಕಾಫಿ ಮೇಜಿನ ತುಂಬ ಹರಿಯಿತು. "ಇವತ್ತು ಎಲ್ಲರಿಗೂ ಪುಕ್ಕಟೆ," ಎಂದು ಗಿರಾಕಿಗಳು ನಕ್ಕರು. ಅವನು ಪಕ್ಕೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಮೂತ್ರದಲ್ಲಿ ರಕ್ತ ಹೋಗುತ್ತಿದ್ದದ್ದನ್ನು ಎಷ್ಟೋ ಕಾಲದಿಂದ ಮುಚ್ಚಿಟ್ಟುಕೊಂಡಿದ್ದ.

ಪಟ್ಟಣದ ಆಸ್ಪತ್ರೆಯಲ್ಲಿ ಗಡ್ಡೆಯ ಸಮೇತ ಎಡಗಡೆಯ ಕಿಡ್ನಿಯನ್ನು ತೆಗೆದರು. ಮಗಳು ಮಶಿತಾ ಔಷಧಿ ತರಲು ಹೋಗಿದ್ದಳು. ಆಪರೇಷನ್ ಕೋಣೆಯ ಬಾಗಿಲಲ್ಲಿ ಸಲ್ಬಿಯಾ ಒಬ್ಬಳೇ ಇದ್ದಳು. ನರ್ಸು ತೆಗೆದ ಕಿಡ್ನಿಯಿದ್ದ ಅಗಲ ಬಾಯಿಯ ಬಾಟಲಿಯೊಂದನ್ನು ತಂದು ಅವಳ ಕೈಗಿಟ್ಟಳು.

"ಇದನ್ನ ಮೇದಾನ್ ಶಹರದ ಲ್ಯಾಬಿಗೆ ತಲುಪಿಸಬೇಕು ಬಿಬಿ. ಯಾವ ಜಾತಿ ಕ್ಯಾನ್ಸರ್ ಅಂತ ಅಲ್ಲಿ ನೋಡಿ ಹೇಳ್ತಾರೆ."

ಸಲ್ಬಿಯಾ ತಲೆಯಾಡಿಸಿದಳು. ಮಾತು ಕಿವಿಗೆ ಬಿದ್ದಿತ್ತು, ಆದರೆ ಅವಳ ಕಣ್ಣೆಲ್ಲ ಬಾಟಲಿಯ ಮೇಲಿತ್ತು. ಅವಳ ಅಣ್ಣನ ಕಾಲು ಕತ್ತರಿಸಿದಾಗ ಆ ಕಾಲನ್ನು ತೊಳೆದು, ಬಿಳಿ ಬಟ್ಟೆ ಸುತ್ತಿ, ಅಂದೇ ಮಣ್ಣು ಮಾಡಿದ್ದರು. ಅವಳ ಊರಿನಲ್ಲಿ ನಡೆದುಬಂದದ್ದು ಹಾಗೆ. ದೇಹದಿಂದ ಬೇರೆಯಾದದ್ದು ಮಣ್ಣಿಗೆ ಹೋಗಬೇಕು. ಗಂಡನ ಒಂದು ಅಂಗವನ್ನು ಉಪ್ಪಿನಕಾಯಿಯ ಹಾಗೆ ನೀರಲ್ಲಿ ತೇಲಿಸಿ, ಬಸ್ಸಿನ ಸೀಟಿನ ಕೆಳಗಿಟ್ಟು, ಯಾರೋ ಅಪರಿಚಿತರ ಕೈಗೆ ಒಪ್ಪಿಸುವುದೇ? ಅವನು ಕೊನೆಯ ತೀರ್ಪಿನ ದಿನ ಗೋರಿಯಿಂದ ಎದ್ದು ನಿಲ್ಲುವಾಗ ಅದನ್ನು ಎಲ್ಲಿ ಹುಡುಕಬೇಕು?

ಮನೆಗೆ ಹೋಗಿ, ಅದನ್ನು ತೊಳೆದು, ಬಟ್ಟೆ ಸುತ್ತಿ, ಹಿತ್ತಲಲ್ಲಿ ತನ್ನ ತಾಯಿಯ ಗೋರಿಯ ಪಕ್ಕ, ಬಿಂಬುಳಿ ಮರದ ಕೆಳಗೆ ಹೂತಳು. ತಿಳಿದಷ್ಟು ಪ್ರಾರ್ಥನೆ ಹೇಳಿದಳು.

"ಬಾಟ್ಲಿ ಏನಾಯ್ತಮ್ಮ?" ಎಂದು ಮಶಿತಾ ಕೇಳಿದಳು.

"ಕೊಡಬೇಕಾದಲ್ಲಿ ಕೊಟ್ಟೆ."

ಸುಳ್ಳು ಹೇಳಿದೆ ಎಂದು ಅವಳಿಗೆ ಅನ್ನಿಸಲಿಲ್ಲ. ಗಾಯ ಮಾಯಿತು. ಹಾಸ್ಬಲ್ಲಾ ಮತ್ತೆ ಕಾಫಿ ಸೋಸತೊಡಗಿದ. ಲ್ಯಾಬಿನ ಮಾತನ್ನು ಯಾರೂ ಎತ್ತಲಿಲ್ಲ.

ಆಮೇಲೆ ಕೆಮ್ಮು ಹತ್ತಿತು. ಮೊದಲು ಒಣ ಕೆಮ್ಮು, ಆಮೇಲೆ ಕರವಸ್ತ್ರದಲ್ಲಿ ಕೆಂಪು. ಪಟ್ಟಣದ ಡಾಕ್ಟರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು, "ಶ್ವಾಸಕೋಶಕ್ಕೆ ಹರಡಿದೆ. ಇನ್ನು ಮನೇಲಿಟ್ಟು ಇಷ್ಟವಾದದ್ದು ಮಾಡಿ ಹಾಕಿ," ಎಂದರು.

"ಇವರೊಬ್ಬರು ಹೇಳಿಬಿಟ್ರೆ ಆಯ್ತಾ?" ಎಂದಳು ಮಶಿತಾ. "ಪೆನಾಂಗಿಗೆ ಹೋಗೋಣ. ಇನ್ನೊಬ್ಬರೂ ನೋಡಲಿ." ಊರಲ್ಲಿ ಯಾರಿಗೆ ದೊಡ್ಡ ಕಾಯಿಲೆ ಬಂದರೂ ಸಮುದ್ರ ದಾಟುವುದು ಅಲ್ಲಿಗೇ. ಸಲ್ಬಿಯಾಳ ಮದುವೆಯ ಬಳೆಗಳು ಹೋದವು. ಮೂವರೂ ಹೊರಟರು.

ಪೆನಾಂಗಿನ ಡಾಕ್ಟರ್ ತಿಯೋ ಕಾಗದಗಳನ್ನೆಲ್ಲ ನಿಧಾನವಾಗಿ ನೋಡಿದರು. ಮಲಯ್ ಭಾಷೆಯಲ್ಲೇ ಮಾತಾಡಿದ್ದರಿಂದ ಸಲ್ಬಿಯಾಳಿಗೂ ತಿಳಿಯಿತು.

"ಔಷಧಿಗಳಿವೆ. ಆದರೆ ಕಿಡ್ನಿ ಕ್ಯಾನ್ಸರಿನಲ್ಲಿ ಹಲವು ಬಗೆ. ಒಂದಕ್ಕೆ ಹಿಡಿಯೋ ಔಷಧಿ ಇನ್ನೊಂದಕ್ಕೆ ಹಿಡಿಯದೆ ಹೋಗಬಹುದು. ತೆಗೆದ ಕಿಡ್ನಿಯ ಪರೀಕ್ಷೆಯ ವರದಿ ಎಲ್ಲಿ?"

ಮಶಿತಾ ತಾಯಿಯ ಕಡೆ ತಿರುಗಿದಳು.

"ಹೂತುಬಿಟ್ಟೆ," ಎಂದಳು ಸಲ್ಬಿಯಾ.

"ಏನಂದೆ ಅಮ್ಮ?"

"ನಮ್ಮ ಹಿತ್ತಲಲ್ಲಿ."

"ನಾನೇ ಹೇಳಿದ್ದು," ಎಂದ ಹಾಸ್ಬಲ್ಲಾ, ಕೆಮ್ಮಿನ ನಡುವೆ. "ಆಪರೇಷನ್‌ಗೆ ಮುಂಚೆಯೇ ಹೇಳಿದ್ದೆ ಡಾಕ್ಟ್ರೇ. ಇವಳು ಬೇಡ ಅಂದಳು, ನಾನು ಕೇಳಲಿಲ್ಲ."

ಅವನು ಹಾಗೆ ಯಾವತ್ತೂ ಹೇಳಿರಲಿಲ್ಲ. ಸಲ್ಬಿಯಾ ಕಾಲ ಬೆರಳನ್ನು ನೋಡುತ್ತ ಕೂತಳು.

ಪರೀಕ್ಷೆಗೆಂದು ಎದೆಗೆ ಸೂಜಿ ಹಾಕಿ ಗಡ್ಡೆಯ ಚೂರು ತೆಗೆಯಬೇಕಾಯಿತು. ಒಳಗೆ ರಕ್ತ ಸೋರಿ ಹಾಸ್ಬಲ್ಲಾ ಹಾಸಿಗೆ ಹಿಡಿದ. ವರದಿ ಬಂದಾಗ ಡಾಕ್ಟರರ ಮುಖ ನೋಡಿಯೇ ಮಶಿತಾ ಗೋಡೆಗೆ ಒರಗಿದಳು. ಅಪರೂಪದ ಜಾತಿ, ಔಷಧಿಗೆ ಅಷ್ಟಾಗಿ ಬಗ್ಗುವುದಿಲ್ಲ. ಒಂದನ್ನು ಪ್ರಯತ್ನಿಸಬಹುದು ಎಂದರು.

ಮಗಳು ಹೊರಗೆ ಹೋದ ಮೇಲೆ ಸಲ್ಬಿಯಾ ಕೇಳಿದಳು. "ಆವತ್ತೇ ಬಾಟ್ಲಿ ತಲುಪಿದ್ದಿದ್ರೆ?"

ಡಾಕ್ಟರ್ ತಿಯೋ ಕನ್ನಡಕ ತೆಗೆದಿಟ್ಟರು. "ವಾಸಿಯಾಗ್ತಿತ್ತು ಅಂತ ಹೇಳಲಾರೆ ಬಿಬಿ. ಆದರೆ ಏನು ಹುಡುಕಬೇಕು ಅಂತ ಗೊತ್ತಿರ್ತಿತ್ತು, ಬೇಗ ಶುರು ಮಾಡ್ತಿದ್ದೆವು. ಸ್ವಲ್ಪ ಕಾಲ ಸಿಗ್ತಿತ್ತು ಅನ್ಸುತ್ತೆ."

ಅವಳು ಕೈಮುಗಿಯಲೂ ಮರೆತು ಎದ್ದು ಬಂದಳು.

ಔಷಧಿ ಹಾಕಿದರು. ಬಾಯೆಲ್ಲ ಹುಣ್ಣಾಯಿತು, ಅಂಗಾಲು ಸುಲಿಯಿತು, ಗಡ್ಡೆ ಮಾತ್ರ ಬೆಳೆಯುತ್ತಲೇ ಹೋಯಿತು. ಮಶಿತಾ ಇನ್ನೂ ದೊಡ್ಡ ಡಾಕ್ಟರೊಬ್ಬರ ಹೆಸರು ವಿಚಾರಿಸಿಕೊಂಡು ಬಂದಳು.

"ಸಾಕು ಮಗಳೇ," ಎಂದ ಹಾಸ್ಬಲ್ಲಾ. "ಎಲ್ಲರೂ ನನ್ನ ಒಳಗೆ ನೋಡಿದ್ದಾಯ್ತು. ಊರಿಗೆ ಕರ್ಕೊಂಡು ಹೋಗಿ."

ಊರಲ್ಲಿ ಅವನನ್ನು ಹಿತ್ತಲಿನ ಜಗಲಿಯಲ್ಲಿ ಮಲಗಿಸಿದರು. ಕಾಫಿ ಕೇಳಿದ. ಚಮಚದಲ್ಲಿ ಕೊಟ್ಟರೆ ಕಟಬಾಯಿಂದ ಸೋರಿತು.

"ಪುಕ್ಕಟೆ," ಎಂದ.

ಸಲ್ಬಿಯಾ ಒರೆಸುತ್ತ ಕೇಳಿದಳು. "ನೀವು ಯಾಕೆ ಹಾಗೆ ಹೇಳಿದ್ರಿ, ಡಾಕ್ಟರ ಮುಂದೆ?"

"ಮನೆಯೊಡತಿ ಮೇಲೆ ದೂರು ಹೇಳಿದ್ರೆ ಬಾಡಿಗೆಯವನು ಎಲ್ಲಿಗೆ ಹೋಗ್ಲಿ?" ಉಸಿರಿಗೆ ಕಾದು ಮತ್ತೆ ಕೇಳಿದ. "ಎಲ್ಲಿಟ್ಟಿದ್ದೀಯ ಅದನ್ನ?"

ಅವಳು ಬಿಂಬುಳಿ ಮರದ ಕಡೆ ತೋರಿಸಿದಳು. ಮೀನಿನ ಸಾರಿನ ಹುಳಿಗೆಂದು ಒಣಗಿಸಿಡುವ ಅದರ ಕಾಯಿಗಳು ಆ ವರ್ಷ ಕೀಳುವವರಿಲ್ಲದೆ ಉದುರಿ ಕೊಳೆಯುತ್ತಿದ್ದವು. ಅವನು ಅತ್ತ ತಿರುಗಿದ. "ತೇವದ ಜಾಗ," ಎಂದಷ್ಟೇ ಹೇಳಿದ.

ಅವನು ಹೋದ ಬೆಳಿಗ್ಗೆ ಗುದ್ದಲಿಯವನು ಜಾಗ ಅಳೆಯಲು ಬಂದ. ಹಳೆಯ ಗೋರಿಯ ಪಕ್ಕ ಬೊಗಸೆಯಷ್ಟು ಉಬ್ಬಿದ ಮಣ್ಣನ್ನು ಕಂಡು ಗುದ್ದಲಿಯನ್ನು ತಡೆದು ನಿಂತ.

"ಇದು ಯಾರದು ಅಕ್ಕ? ಮಗೂದಾ?"

"ಅವರದೇ," ಎಂದಳು ಸಲ್ಬಿಯಾ. "ಸ್ವಲ್ಪ ಈಚೆಗೆ ಅಗೆ. ಅದಕ್ಕೆ ತಾಗಬಾರದು."